ಚಪ್ಪಲಿ ಮಿಲಾನಿಗೆ ಹೋದಾಗ ಕಂಡಿತು. ಡಿಸೈನ್ ಕ್ಲೌಡಿಗೆ ಹೋದರೆ ಕಾಣುತ್ತದೆಯೇ?

2025ರ ಜೂನ್‌ನಲ್ಲಿ ಇಟಲಿಯ ಮಿಲಾನ್ ನಗರದ ಫ್ಯಾಷನ್ ಶೋನಲ್ಲಿ ಪ್ರಾಡಾ ಕಂಪನಿಯ ರೂಪದರ್ಶಿಗಳು ಮೆಟ್ಟಿಕೊಂಡು ಬಂದ ಚಪ್ಪಲಿಗಳನ್ನು ಗುರುತಿಸಲು ನಮ್ಮ ಗಡಿಭಾಗದ ಜನರಿಗೆ ಒಂದು ಕ್ಷಣವೂ ಬೇಕಾಗಲಿಲ್ಲ. ಅವು ಕೊಲ್ಹಾಪುರಿ ಚಪ್ಪಲಿಗಳು. ಹೆಸರು ಕೊಲ್ಹಾಪುರದ್ದಾದರೂ ಅವನ್ನು ಹೊಲಿಯುವ ಕೈಗಳು ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗದಲ್ಲೂ ಇವೆ ಎಂದು ಸಚಿವ ಪ್ರಿಯಾಂಕ್ ಖರ್ಗೆ ಆಗಲೇ ನೆನಪಿಸಿದ್ದರು. ಗಲಾಟೆಯಾಯಿತು. ಭಾರತದ ಪಾರಂಪರಿಕ ಪಾದರಕ್ಷೆಯಿಂದ ಪ್ರೇರಣೆ ಪಡೆದಿದ್ದೇವೆ ಎಂದು ಕಂಪನಿ ಒಪ್ಪಿಕೊಂಡಿತು. ಡಿಸೆಂಬರ್‌ನಲ್ಲಿ ಕರ್ನಾಟಕದ ಲಿಡ್ಕರ್ ಮತ್ತು ಮಹಾರಾಷ್ಟ್ರದ ಲಿಡ್‌ಕಾಂ ನಿಗಮಗಳ ಜೊತೆ ಒಪ್ಪಂದವೂ ಆಯಿತು. ಈ ಎರಡು ರಾಜ್ಯಗಳಲ್ಲೇ 2,000 ಜೊತೆ ಚಪ್ಪಲಿ ಮಾಡಿಸಿ, ಜೊತೆಯೊಂದಕ್ಕೆ ಸುಮಾರು 800 ಯೂರೋ ಬೆಲೆಗೆ ಮಾರುವ ಯೋಜನೆ ಅದು.

ಇಷ್ಟೆಲ್ಲ ಆಗಿದ್ದು ಯಾಕೆ? ಕದ್ದದ್ದು ಅಂತೀರೋ, ಪ್ರೇರಣೆ ಅಂತೀರೋ, ಏನೇ ಆಗಲಿ, ಅದು ಕಣ್ಣಿಗೆ ಕಂಡಿತು. ಫೋಟೊ ಇತ್ತು, ವಿಡಿಯೊ ಇತ್ತು, ಇದು ನಮ್ಮದು ಎಂದು ಬೊಟ್ಟು ಮಾಡಿ ತೋರಿಸಬಹುದಿತ್ತು. ಆದರೆ ಇದೇ ಐದು ತಾಲೂಕುಗಳಲ್ಲಿ ಇನ್ನೊಂದು ಬಗೆಯ ಕಲೆ ದಿನಾ ಊರು ಬಿಟ್ಟು ಹೋಗುತ್ತಿದೆ. ಅದು ಹೋಗುವುದು ಯಾರ ಕಣ್ಣಿಗೂ ಬೀಳುವುದಿಲ್ಲ.

ಬಾಡಿಗೆ ಕೋಣೆಯಲ್ಲಿ ಕೂತ ಕಲಾವಿದ

ಕಾಗವಾಡದಿಂದ ನಿಪ್ಪಾಣಿವರೆಗೆ ಯಾವುದೇ ಊರಿನ ಬಸ್ ಸ್ಟ್ಯಾಂಡ್ ಸುತ್ತ ಒಂದು ಸುತ್ತು ಹಾಕಿದರೆ ಸಾಕು. ಫೋಟೊ ಸ್ಟುಡಿಯೊ, ಫ್ಲೆಕ್ಸ್ ಅಂಗಡಿ, ಲಗ್ನಪತ್ರಿಕೆ ಪ್ರಿಂಟ್ ಮಾಡುವವರು, ಯೂಟ್ಯೂಬ್ ಕಾಮಿಡಿ ತಂಡಗಳಿಗೆ ಪೋಸ್ಟರ್ ಮಾಡಿಕೊಡುವ ಹುಡುಗರು ಕಾಣಸಿಗುತ್ತಾರೆ. ಜಾತ್ರೆ, ಉರುಸು, ಗಣೇಶೋತ್ಸವ, ಚುನಾವಣೆ, ಎಲ್ಲದಕ್ಕೂ ಇವರೇ ಬೇಕು. ಒಂದೇ ಬ್ಯಾನರಿನಲ್ಲಿ ಕನ್ನಡವನ್ನೂ ಮರಾಠಿಯನ್ನೂ ಚೆಂದಗೆ ಕೂಡಿಸುವ ಕಸುಬು ಇವರಿಗೆ ಕರಗತ. ಸಮಾಜ ಇವರನ್ನು ಕಲಾವಿದರು ಅನ್ನುವುದಿಲ್ಲ, 'ಡಿಟಿಪಿಯವರು' ಅನ್ನುತ್ತದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಗೆ ಆ ಭೇದ ಇಲ್ಲ. ಸ್ವಂತ ಬುದ್ಧಿಯಿಂದ ಮಾಡಿದ ಚಿತ್ರ ಅಥವಾ ಫೋಟೊ ಕಲಾಕೃತಿಯೇ, ಅದರ ಕಲಾತ್ಮಕ ಗುಣಮಟ್ಟ ಏನೇ ಇರಲಿ.

ಇವರ ಉಪಕರಣ ಬದಲಾಗಿದೆ. ಹಿಂದೆ ಸಾಫ್ಟ್‌ವೇರ್ ಸಿ.ಡಿ.ಯಲ್ಲಿ ಬರುತ್ತಿತ್ತು, ಒಮ್ಮೆ ಹಾಕಿಕೊಂಡರೆ ಕಂಪ್ಯೂಟರ್ ಕೆಡುವ ತನಕ ಇರುತ್ತಿತ್ತು. 2013ರಲ್ಲಿ ಅಡೋಬಿ ಕಂಪನಿ ತನ್ನ ಹೊಸ ಆವೃತ್ತಿಗಳನ್ನು ಚಂದಾ ಪದ್ಧತಿಗೆ ತಂದಿತು. ಬೇರೆಯವರೂ ಅದೇ ದಾರಿ ಹಿಡಿದರು. ಕ್ಯಾನ್ವಾದಂಥವು ಹುಟ್ಟಿದ್ದೇ ಬ್ರೌಸರಿನಲ್ಲಿ. ಈಗ ಉಪಕರಣ ಬಾಡಿಗೆಯದು, ಅದರಲ್ಲಿ ಮಾಡಿದ ಕೆಲಸ ಇಡುವ ಕೋಣೆಯೂ ಬಾಡಿಗೆಯದು.

ಬಾಡಿಗೆ ಮನೆಗೆ ಕರಾರು ಪತ್ರ ಇರುತ್ತದೆ, ಅದನ್ನು ನಾವು ಓದಿಸಿಕೊಂಡೇ ಸಹಿ ಮಾಡುತ್ತೇವೆ. ಇಲ್ಲಿಯೂ ಕರಾರು ಇದೆ. 'ಒಪ್ಪಿಗೆ' ಎಂಬ ಬಟನ್ ಒತ್ತಿದಾಗಲೇ ಅದಕ್ಕೆ ಸಹಿ ಬಿತ್ತು. ಅದು ಉದ್ದವಾಗಿ ಇಂಗ್ಲಿಷಿನಲ್ಲಿರುತ್ತದೆ, ಗಿರಾಕಿ ಎದುರಿಗೆ ನಿಂತಾಗ ಅದನ್ನು ಓದುತ್ತ ಕೂರುವವರು ಯಾರು?

ಕರಾರಿನಲ್ಲಿ ಏನಿದೆ?

ಸಾಮಾನ್ಯವಾಗಿ ಎರಡು ಮಾತು ಇರುತ್ತವೆ. ಮೊದಲನೆಯದು, ನಿಮ್ಮ ಕೃತಿ ನಿಮ್ಮದೇ. ಎರಡನೆಯದು, ಆ ಕೃತಿಯನ್ನು ಜಗತ್ತಿನಾದ್ಯಂತ, ಪುಕ್ಕಟೆಯಾಗಿ, ಇಂತಿಂಥ ಕೆಲಸಕ್ಕೆ ಬಳಸಲು ನೀವು ನಮಗೆ ಪರವಾನಗಿ ಕೊಟ್ಟಿದ್ದೀರಿ.

ಎರಡನೆಯದನ್ನು ಕೇಳಿದ ಕೂಡಲೇ ಮೋಸ ಅನ್ನಬೇಕಿಲ್ಲ. ನಿಮ್ಮ ಫೈಲನ್ನು ಸರ್ವರಿನಲ್ಲಿ ಇಡುವುದು, ಚಿಕ್ಕ ಚಿತ್ರ ಮಾಡಿ ತೋರಿಸುವುದು, ಮೊಬೈಲಿಗೂ ಕಂಪ್ಯೂಟರಿಗೂ ಹೊಂದಿಸುವುದು, ಇವೆಲ್ಲ ಕಾನೂನಿನ ಕಣ್ಣಲ್ಲಿ ನಕಲು ಮಾಡುವುದೇ. ನಕಲಿಗೆ ಪರವಾನಗಿ ಬೇಕು. ಪ್ರಶ್ನೆ ಇರುವುದು 'ಇಂತಿಂಥ ಕೆಲಸಕ್ಕೆ' ಅನ್ನುವಲ್ಲಿ. ಅಲ್ಲಿ ಒಂದು ಸಾಲು ಸೇರಿದರೆ ಸೇವೆ ಕೊಡುವ ಪರವಾನಗಿಯೇ ಎಐ ತರಬೇತಿಯ ಪರವಾನಗಿ ಆಗಿಬಿಡಬಹುದು.

ಇದು ಬರೀ ಭಯ ಅಲ್ಲ. 2024ರ ಜೂನ್‌ನಲ್ಲಿ ಅಡೋಬಿ ತನ್ನ ಹೊಸ ಷರತ್ತುಗಳನ್ನು ಒಪ್ಪುವಂತೆ ಬಳಕೆದಾರರ ಪರದೆಗೆ ಸೂಚನೆ ಕಳಿಸಿತು. ಯಂತ್ರದಿಂದಲೂ ಮನುಷ್ಯರಿಂದಲೂ ನಿಮ್ಮ ಕಂಟೆಂಟ್ ಪರಿಶೀಲನೆ ಆಗಬಹುದು ಎಂಬ ಮಾತು ಅದರಲ್ಲಿತ್ತು. ಜಗತ್ತಿನ ಕಲಾವಿದರು ಸಿಡಿದೆದ್ದರು. ಬಳಕೆದಾರರ ಕೃತಿಗಳಿಂದ ನಮ್ಮ ಫೈರ್‌ಫ್ಲೈ ಎಐಗೆ ತರಬೇತಿ ಕೊಡುವುದಿಲ್ಲ ಎಂದು ಕಂಪನಿ ಹೇಳಿತು, ಅದೇ ತಿಂಗಳು ಷರತ್ತುಗಳನ್ನು ತಿದ್ದಿ ಬರೆಯಿತು. 2025ರ ಜುಲೈನಲ್ಲಿ ವಿ-ಟ್ರಾನ್ಸ್‌ಫರ್ ಸರದಿ. ದೊಡ್ಡ ಫೈಲ್ ಕಳಿಸಲು ನಮ್ಮ ಆಲ್ಬಮ್ ಡಿಸೈನರುಗಳಿಗೂ ಗೊತ್ತಿರುವ ತಾಣ ಅದು. ಮಷೀನ್ ಲರ್ನಿಂಗ್ ಮಾದರಿಗಳನ್ನು ಉತ್ತಮಪಡಿಸಲು ಬಳಸಬಹುದು ಎಂಬ ಸಾಲು ಅದರ ಹೊಸ ಷರತ್ತಿನಲ್ಲಿ ಕಂಡಿತು. ಕೂಗೆದ್ದ ಮೇಲೆ ಆ ಸಾಲು ಹೋಯಿತು.

ಎರಡೂ ಸಲ ಕಂಪನಿಗಳು ಬಗ್ಗಿದ್ದು ಯಾರೋ ಓದಿದ್ದರಿಂದ, ಓದಿದವರು ಇಂಗ್ಲಿಷಿನಲ್ಲಿ ಕೂಗಿದ್ದರಿಂದ. ರಾಯಬಾಗದ ಅಂಗಡಿಯವನ ದನಿ ಆ ಕೂಗಿನಲ್ಲಿ ಇರಲಿಲ್ಲ. ಮುಂದಿನ ಸಲ ಯಾರೂ ಓದದಿದ್ದರೆ?

ನಮ್ಮ ಕಾಯ್ದೆ ಇದನ್ನು ಮೊದಲೇ ಒಂದಿಷ್ಟು ಯೋಚಿಸಿದೆ. ಕಲಾವಿದ ತನ್ನ ಹಕ್ಕನ್ನು ಬರೆದುಕೊಡುವಾಗ ಅವಧಿ ಹೇಳದಿದ್ದರೆ ಅದು 5 ವರ್ಷ ಮಾತ್ರ, ಪ್ರದೇಶ ಹೇಳದಿದ್ದರೆ ಭಾರತ ಮಾತ್ರ ಎಂದು ಸೆಕ್ಷನ್ 19 ಹೇಳುತ್ತದೆ. ಬಡಪಾಯಿ ತಿಳಿಯದೆ ಎಲ್ಲವನ್ನೂ ಬರೆದುಕೊಡಬಾರದು ಅನ್ನುವ ಕಾಳಜಿ ಅದು. ಕಂಪನಿಗಳ ವಕೀಲರಿಗೂ ಇದು ಗೊತ್ತು. 'ಜಗತ್ತಿನಾದ್ಯಂತ' ಎಂಬ ಒಂದು ಪದ ಬರೆದರೆ ಪ್ರದೇಶದ ಆ ರಕ್ಷಣೆ ಕರಗಿ ಹೋಗುತ್ತದೆ.

ಮದುವೆ ಫೋಟೊ ಯಾರದು?

ಹೆಚ್ಚಿನ ಸ್ಟುಡಿಯೊದವರಿಗೆ ಗೊತ್ತಿಲ್ಲದ ಒಂದು ಸಂಗತಿ ಇಲ್ಲಿದೆ. ದುಡ್ಡು ತಗೊಂಡು, ಬೇರೆಯವರು ಹೇಳಿದ್ದಕ್ಕೆ ತೆಗೆದ ಫೋಟೊದ ಮೊದಲ ಮಾಲೀಕರು ತೆಗೆಸಿದವರು. ಬೇರೆ ಕರಾರು ಇಲ್ಲದಿದ್ದರೆ ಸೆಕ್ಷನ್ 17ರ ನಿಯಮ ಇದೇ. ಅಂದರೆ ಚಿಕ್ಕೋಡಿಯ ಮದುವೆಯಲ್ಲಿ ತೆಗೆದ ಸಾವಿರಾರು ಫೋಟೊಗಳು ಫೋಟೊಗ್ರಾಫರನದ್ದಲ್ಲ, ಮದುವೆ ಮನೆಯವರದ್ದು.

ಈಗ ಲೆಕ್ಕ ಹಾಕಿ. ಅವನ್ನು ಕ್ಲೌಡಿಗೆ ಏರಿಸುವಾಗ ಫೋಟೊಗ್ರಾಫರ್ 'ಒಪ್ಪಿಗೆ' ಒತ್ತುತ್ತಾನೆ. ಏರಿಸುವ ಕಂಟೆಂಟ್ ಮೇಲೆ ತನಗೆ ಬೇಕಾದ ಹಕ್ಕುಗಳಿವೆ ಎಂಬ ಭರವಸೆ ಇಂಥ ಷರತ್ತುಗಳಲ್ಲಿ ಇದ್ದೇ ಇರುತ್ತದೆ. ತನ್ನದಲ್ಲದ್ದಕ್ಕೆ ತಾನು ಜಾಮೀನು ನಿಂತಂತಾಯಿತು. ಮುಂದೆ ತಕರಾರು ಬಂದರೆ ಕಂಪನಿ ಬೆರಳು ತೋರಿಸುವುದು ಅವನ ಕಡೆಗೇ.

ಹಕ್ಕುಸ್ವಾಮ್ಯಕ್ಕಿಂತ ಗಂಭೀರವಾದದ್ದು ಖಾಸಗಿತನ. ಆ ಫೋಟೊಗಳಲ್ಲಿ ಹೆಣ್ಣುಮಕ್ಕಳಿದ್ದಾರೆ, ಕೂಸುಗಳಿವೆ, ಅರಿಶಿಣ ಹಚ್ಚಿಕೊಂಡು ಕೂತವರಿದ್ದಾರೆ. ಅವರು ಫೋಟೊಗ್ರಾಫರನನ್ನು ನಂಬಿ ಮುಖ ಕೊಟ್ಟವರು, ಯಾವ ಸರ್ವರಿಗೂ ಅಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ, ಮುಖ್ಯ ಜವಾಬ್ದಾರಿಗಳು 18 ತಿಂಗಳ ನಂತರ ಜಾರಿಗೆ ಬರುತ್ತವೆ. ಸ್ವಂತ ಮನೆಯ ಬಳಕೆಗೆ ಇರುವ ವಿನಾಯಿತಿ ವ್ಯಾಪಾರಕ್ಕೆ ಇಲ್ಲ. ಹಾಗಾಗಿ ಸ್ಟುಡಿಯೊ ಮಾಲೀಕ ಒಂದು ಕೈಯಲ್ಲಿ ಹಕ್ಕು ಕೇಳುವ ಕಲಾವಿದ, ಇನ್ನೊಂದು ಕೈಯಲ್ಲಿ ಬೇರೆಯವರ ಗುಟ್ಟು ಕಾಯುವ ಹೊಣೆಗಾರ.

ಕೀಲಿ ಯಾರ ಕೈಯಲ್ಲಿ?

ಒಡೆತನ ಕಾಗದದ ಮೇಲೆ ಇದ್ದರೂ ಕೀಲಿ ಬೇರೆಯವರ ಕೈಯಲ್ಲಿದ್ದರೆ ಏನಾಗುತ್ತದೆ ಎಂಬುದಕ್ಕೆ ಮೂರು ನಿದರ್ಶನ ಸಾಕು. 2019ರಲ್ಲಿ ಅಮೆರಿಕದ ನಿರ್ಬಂಧದ ಕಾರಣ ಹೇಳಿ ವೆನೆಜುವೆಲಾದ ಎಲ್ಲ ಖಾತೆಗಳನ್ನು ಮುಚ್ಚುವುದಾಗಿ ಅಡೋಬಿ ಘೋಷಿಸಿತು, ಆಮೇಲೆ ಅನುಮತಿ ಸಿಕ್ಕಿ ಅದು ನಿಂತಿತು. 2022ರಲ್ಲಿ ಪ್ಯಾಂಟೋನ್ ಬಣ್ಣಗಳ ಪರವಾನಗಿ ಬದಲಾದಾಗ ಫೋಟೊಶಾಪ್‌ನ ಹಳೇ ಫೈಲುಗಳಲ್ಲಿ ಆ ಬಣ್ಣಗಳ ಜಾಗ ಕಪ್ಪಾಗಿ ಕಂಡಿತು, ಮರಳಿ ಪಡೆಯಲು ಬೇರೆ ಚಂದಾ ಕೇಳಿದರು. 2025ರ ಜುಲೈನಲ್ಲಿ ನಮ್ಮ ದೇಶದ್ದೇ ತೈಲ ಕಂಪನಿ ನಯಾರಾಗೆ ಯುರೋಪಿನ ನಿರ್ಬಂಧದಿಂದಾಗಿ ಮೈಕ್ರೋಸಾಫ್ಟ್ ಸೇವೆ ನಿಂತಿತು. ದೆಹಲಿ ಹೈಕೋರ್ಟ್ ಮೆಟ್ಟಿಲೇರಿದ ಮೇಲೆ ಅದು ಮರಳಿತು.

ನಯಾರಾಗೆ ದೆಹಲಿಯ ವಕೀಲರಿದ್ದರು. ಗಣೇಶ ಹಬ್ಬದ ಹಿಂದಿನ ರಾತ್ರಿ ಖಾತೆ ತೆರೆಯದೆ ಹೋದರೆ ನಿಪ್ಪಾಣಿಯ ಫ್ಲೆಕ್ಸ್ ಅಂಗಡಿಯವನು ಯಾರನ್ನು ಕೇಳಬೇಕು?

ಚಪ್ಪಲಿ ಕಲಿಸುವ ಪಾಠ

ಇಲ್ಲಿ ಮತ್ತೆ ಚಪ್ಪಲಿಗೆ ಬರಬೇಕು. ಕೊಲ್ಹಾಪುರಿಗೆ 2019ರಲ್ಲಿ ಜಿಐ ಮಾನ್ಯತೆ ಸಿಕ್ಕ ಸುದ್ದಿ ಬಂತು. ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ, ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೋಲಾಪುರ, ಹೀಗೆ ಎಂಟು ಜಿಲ್ಲೆಗಳಿಗೆ. ಆದರೆ ಜಿಐ ಕಾಯುವುದು ಮುಖ್ಯವಾಗಿ ಹೆಸರನ್ನು. ಪ್ರಾಡಾ ಆ ಹೆಸರನ್ನೇ ಹೇಳಿರಲಿಲ್ಲ. ಮೇಲಾಗಿ, ಪ್ರಾಡಾ ವಿರುದ್ಧದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಬಾಂಬೆ ಹೈಕೋರ್ಟ್ 2025ರ ಜುಲೈನಲ್ಲಿ ತಳ್ಳಿಹಾಕುವಾಗ, ಈ ಹಕ್ಕನ್ನು ಕೇಳಬೇಕಾದವರು ನೋಂದಾಯಿತ ಮಾಲೀಕರು ಎಂದಿತು. ಅಂದರೆ ಎರಡು ನಿಗಮಗಳು. ತಲೆಮಾರುಗಳಿಂದ ಚರ್ಮ ಹದ ಮಾಡಿದ, ಹೊಲಿದ ಸಮಗಾರ, ಡೋರ ಸಮುದಾಯಗಳ ಕೈಯಲ್ಲಿ ಆ ಕಾಗದ ಇಲ್ಲ.

ಎಐ ಯುಗದಲ್ಲಿ ಇದು ಇನ್ನೂ ಕಠಿಣ. ಕಾಪ್ಶಿಯ ಮಾಟ, ಹೆಣಿಗೆಯ ಪಟ್ಟಿ, ಕಿವಿಯ ಆಕಾರ, ಇವುಗಳ ಸಾವಿರ ಫೋಟೊ ನುಂಗಿದ ಯಂತ್ರ 'ಕೊಲ್ಹಾಪುರಿ' ಎಂಬ ಹೆಸರೇ ಎತ್ತದೆ ಹೊಸ ಚಪ್ಪಲಿಯ ಚಿತ್ರ ಕೊಡಬಲ್ಲದು. ಅಲ್ಲಿ ರ‍್ಯಾಂಪ್ ಇಲ್ಲ, ರೂಪದರ್ಶಿ ಇಲ್ಲ, ಬೊಟ್ಟು ಮಾಡಲು ಜಾಗವೇ ಇಲ್ಲ.

ಹೊಸ ವಿನ್ಯಾಸ ಮಾಡುವ ಯುವ ಕುಶಲಕರ್ಮಿಗಳಿಗೆ ಇನ್ನೊಂದು ಎಚ್ಚರಿಕೆ. 2000ದ ವಿನ್ಯಾಸ ಕಾಯ್ದೆಯಡಿ ನೋಂದಣಿ ಮಾಡಿಸಿದರೆ 10 ವರ್ಷ, ಮುಂದೆ ಇನ್ನೂ 5 ವರ್ಷ ರಕ್ಷಣೆ ಸಿಗುತ್ತದೆ. ಆದರೆ ವಿನ್ಯಾಸ ಹೊಸದಾಗಿರಬೇಕು, ಮೊದಲೇ ಬಹಿರಂಗ ಆಗಿರಬಾರದು. ಕ್ಯಾನ್ವಾದಲ್ಲಿ ಕ್ಯಾಟಲಾಗ್ ಮಾಡಿ ಮೊದಲು ಇನ್‌ಸ್ಟಾಗ್ರಾಮಿಗೆ ಹಾಕಿ ಆಮೇಲೆ ನೋಂದಣಿಗೆ ಹೋದರೆ, ಬಾಗಿಲು ಮುಚ್ಚಿರುತ್ತದೆ.

ಸರ್ಕಾರ ಏನು ಮಾಡಬೇಕು, ನಾವೇನು ಮಾಡಬೇಕು

ಕೇಂದ್ರದ ಕೈಗಾರಿಕೆ ಉತ್ತೇಜನ ಇಲಾಖೆಯ ಸಮಿತಿಯೊಂದು 2025ರ ಡಿಸೆಂಬರ್‌ನಲ್ಲಿ ಒಂದು ಪ್ರಸ್ತಾವ ಮುಂದಿಟ್ಟಿತು. ಎಐ ಕಂಪನಿಗಳು ಕಾನೂನುಬದ್ಧವಾಗಿ ಸಿಕ್ಕ ಕೃತಿಗಳನ್ನು ತರಬೇತಿಗೆ ಬಳಸಬಹುದು, ಸೃಷ್ಟಿಕರ್ತರು ಬೇಡ ಅನ್ನುವಂತಿಲ್ಲ, ಬದಲಿಗೆ ಕೇಂದ್ರೀಕೃತ ಸಂಸ್ಥೆಯೊಂದು ರಾಯಲ್ಟಿ ವಸೂಲಿ ಮಾಡಿ ಹಂಚುತ್ತದೆ. ಹಂಚುವುದು ಸರಿ, ಆದರೆ ಯಾರಿಗೆ? ಸಿನಿಮಾ, ಸಂಗೀತದವರಿಗೆ ಸಂಘಗಳಿವೆ. ಅಥಣಿಯ ಚಪ್ಪಲಿ ವಿನ್ಯಾಸಕಾರನ ಹೆಸರು ಯಾವ ಪಟ್ಟಿಯಲ್ಲಿದೆ? ಬೇಡ ಅನ್ನುವ ಹಕ್ಕೂ ಹೋಗಿ, ಪಾಲೂ ಸಿಗದಿದ್ದರೆ ಅದು ಎರಡು ಸಲ ಕಳಕೊಂಡ ಹಾಗೆ.

ಹಾಗಾಗಿ ರಾಜ್ಯ ಸರ್ಕಾರ ಮತ್ತು ಲಿಡ್ಕರ್ ಮುಂದೆ ಮೂರು ಬೇಡಿಕೆ ಇಡಬೇಕು. ಒಂದು, ಗಡಿಭಾಗದ ಕುಶಲಕರ್ಮಿಗಳ ವಿನ್ಯಾಸಗಳಿಗೆ ದಿನಾಂಕ ಸಹಿತ ದಾಖಲೆ, ಮಾಡಿದವರ ಹೆಸರಿನಲ್ಲೇ. ನಾಳೆ ತಕರಾರು ಬಂದರೆ ಅದೇ ಸಾಕ್ಷಿ. ಎರಡು, ಪ್ರಾಡಾದಂಥ ಒಪ್ಪಂದಗಳಲ್ಲಿ ಡಿಜಿಟಲ್ ಫೋಟೊ, ಅಚ್ಚು, ಮಾದರಿಗಳನ್ನು ಎಐ ತರಬೇತಿಗೆ ಬಳಸಬಾರದು ಎಂಬ ಷರತ್ತು. ಮೂರು, ಭಾಷೆ. ದತ್ತಾಂಶ ಕಾಯ್ದೆ ಪ್ರಕಾರ ಸಮ್ಮತಿ ಕೇಳುವ ಸೂಚನೆಯನ್ನು ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಲ್ಲೂ ಓದುವ ಅವಕಾಶ ಇರಬೇಕು. ಕನ್ನಡವೂ ಮರಾಠಿಯೂ ಅದರಲ್ಲಿವೆ. ಭಾಷೆಗಾಗಿ ಇಷ್ಟು ವರ್ಷ ಬಡಿದಾಡಿದ ಗಡಿಯಲ್ಲಿ, ಎರಡೂ ಭಾಷೆಯವರು ಒಟ್ಟಿಗೆ ಕೇಳಬಹುದಾದ ಹಕ್ಕು ಇದು. ವೈಯಕ್ತಿಕ ಮಾಹಿತಿಗೆ ಇರುವ ಈ ನಿಯಮ ಕೃತಿಯ ಪರವಾನಗಿಗೂ ಬರಬೇಕು.

ಅಲ್ಲಿವರೆಗೆ ನಾವೇ ಮಾಡಬಹುದಾದ್ದು ಇಷ್ಟು. ಮೂಲ ಫೈಲ್ ಸ್ವಂತ ಹಾರ್ಡ್‌ಡಿಸ್ಕಿನಲ್ಲಿ, ಎರಡು ಪ್ರತಿ ಇರಲಿ. ಕ್ಲೌಡು ಕಳಿಸುವ ದಾರಿ ಆಗಿರಲಿ, ಕಪಾಟು ಆಗುವುದು ಬೇಡ. ಖಾತೆಯ ಖಾಸಗಿತನದ ಸೆಟ್ಟಿಂಗ್ ತೆರೆದು, ಕಂಟೆಂಟ್ ವಿಶ್ಲೇಷಣೆ, ಎಐ ತರಬೇತಿಗೆ ಸಂಬಂಧಿಸಿದ ಗುಂಡಿ ಇದ್ದರೆ ಆರಿಸಿ. ಅಡೋಬಿಯಲ್ಲಿ ಅಂಥ ಗುಂಡಿ ಇದೆ. ಮದುವೆ ಆರ್ಡರ್ ಬುಕ್ಕಿನಲ್ಲಿ ಫೋಟೊ ಹಕ್ಕು ಯಾರದು, ಎಲ್ಲಿ ಇಡುತ್ತೇವೆ, ಎಷ್ಟು ದಿನ ಇಡುತ್ತೇವೆ ಎಂದು ಮೂರು ಸಾಲು ಬರೆದು ಸಹಿ ಹಾಕಿಸಿಕೊಳ್ಳಿ. ಕದ್ದ ಸಾಫ್ಟ್‌ವೇರ್ ಇದಕ್ಕೆ ಮದ್ದಲ್ಲ. ತಿಳಿದೂ ತಿಳಿದೂ ಅದನ್ನು ಬಳಸಿದರೆ ಸೆಕ್ಷನ್ 63ಬಿ ಅಡಿ ಜೈಲು, ದಂಡ ಎರಡೂ ಇದೆ. ಗಿಂಪ್, ಇಂಕ್‌ಸ್ಕೇಪ್, ಕ್ರಿಟಾ ಪುಕ್ಕಟೆ ಸಿಗುತ್ತವೆ, ಇಂಟರ್ನೆಟ್ ಇಲ್ಲದೆಯೂ ನಡೆಯುತ್ತವೆ, ಯೂನಿಕೋಡ್ ಕನ್ನಡವೂ ಮೂಡುತ್ತದೆ. ಕಲಿಯಲು ಒಂದಷ್ಟು ದಿನ ಬೇಕು, ನಿಜ.

ಪ್ರಾಡಾ ಬಗ್ಗಿದ್ದು ಸಾವಿರಾರು ಜನ ಒಂದೇ ದನಿಯಲ್ಲಿ ಕೇಳಿದ್ದಕ್ಕೆ. ಒಬ್ಬ ಫ್ಲೆಕ್ಸ್ ಅಂಗಡಿಯವನು 'ಒಪ್ಪಿಗೆ ಇಲ್ಲ' ಎಂದು ಒತ್ತಿದರೆ ಅವನ ಪರದೆ ಮುಚ್ಚುತ್ತದೆ ಅಷ್ಟೇ. ಐದು ತಾಲೂಕಿನ ಫೋಟೊಗ್ರಾಫರ್, ಮುದ್ರಕ, ಚರ್ಮ ಕುಶಲಕರ್ಮಿಗಳ ಸಂಘಗಳು ಕೂಡಿ ಒಂದು ಮನವಿ ಬರೆದರೆ ಅದನ್ನು ಬೆಂಗಳೂರೂ ದೆಹಲಿಯೂ ಓದಲೇಬೇಕಾಗುತ್ತದೆ. ಮನವಿ ಕನ್ನಡದಲ್ಲೂ ಮರಾಠಿಯಲ್ಲೂ ಇರಲಿ.