ಓವರ್‌ಕ್ಲಾಕಿಂಗ್: ವೇಗಕ್ಕೆ ತೆರುವ ಬೆಲೆ

ಆವತಿಯಲ್ಲಿ ನನ್ನ ಅಕ್ಕನವರದ್ದೊಂದು ಸಣ್ಣ ಅಂಗಡಿಯಿದೆ. ಜೆರಾಕ್ಸ್, ಪ್ರಿಂಟ್, ಆನ್‌ಲೈನ್ ಅರ್ಜಿ ತುಂಬಿಕೊಡುವ ಕೆಲಸ. ಇರುವುದು ಒಂದೇ ಕಂಪ್ಯೂಟರ್. ಮನೆ ನಡೆಯುವುದೂ ಅದರಿಂದಲೇ. ಏಪ್ರಿಲ್‌ನಲ್ಲಿ ನಾನು ಹೋದಾಗ ಅಕ್ಕ ಮಗನ ಮೇಲೆ ಕೆಂಡವಾಗಿದ್ದರು. ಅಂದು ಅರ್ಜಿ ಸಲ್ಲಿಸಲು ಕೊನೆಯ ದಿನ. ಐದಾರು ಮಕ್ಕಳು ಕಾಯುತ್ತಿದ್ದಾರೆ, ಕಂಪ್ಯೂಟರ್ ಮಾತ್ರ ಹತ್ತು ನಿಮಿಷಕ್ಕೊಮ್ಮೆ ತಾನಾಗಿಯೇ ಆಫ್ ಆಗುತ್ತಿದೆ.

"ಖಾಲಾ, ತುಂಬಾ ಸ್ಲೋ ಇತ್ತು. ಅದಕ್ಕೇ ಓವರ್‌ಕ್ಲಾಕ್ ಮಾಡಿದೆ" ಎಂದ ಹುಡುಗ, ತಲೆ ತಗ್ಗಿಸಿ.

ನಿಮ್ಮ ಮಕ್ಕಳೂ ಈ ಮಾತನ್ನು ಆಡಿರಬಹುದು. ಬೈಯುವ ಮೊದಲು ಅದೇನೆಂದು ತಿಳಿದುಕೊಳ್ಳೋಣ.

ಪ್ರೊಸೆಸರ್ ಒಂದು ತಾಳಕ್ಕೆ ತಕ್ಕಂತೆ ಕೆಲಸ ಮಾಡುತ್ತದೆ. ಮದರ್‌ಬೋರ್ಡಿನ ಮೂಲ ತಾಳ 100 ಮೆಗಾಹರ್ಟ್ಸ್, ಪ್ರೊಸೆಸರ್‌ನ ಗುಣಕ 35 ಎಂದಾದರೆ ಅದರ ವೇಗ 3,500 ಮೆಗಾಹರ್ಟ್ಸ್, ಅಂದರೆ 3.5 ಗಿಗಾಹರ್ಟ್ಸ್. ಕಂಪೆನಿ ನಿಗದಿಪಡಿಸಿದ ಈ ವೇಗವನ್ನು ಮೀರಿ ಓಡಿಸುವುದೇ ಓವರ್‌ಕ್ಲಾಕಿಂಗ್.

ಮೀರಲು ಅವಕಾಶವಾದರೂ ಎಲ್ಲಿಂದ ಬಂತು? ಒಂದೇ ವಿನ್ಯಾಸದ ಚಿಪ್‌ಗಳನ್ನು ಪರೀಕ್ಷಿಸಿ ಬೇರೆ ಬೇರೆ ವೇಗದಲ್ಲಿ ಮಾರುವುದು ವಾಡಿಕೆ. ಇಂಟೆಲ್‌ನ ಬೆಂಗಳೂರು ಕೇಂದ್ರ ವಿನ್ಯಾಸಗೊಳಿಸಿ 2008ರಲ್ಲಿ ಹೊರಬಂದ ಝಿಯಾನ್ 7400 ಸರಣಿಯಲ್ಲೂ 2.13, 2.40, 2.66 ಗಿಗಾಹರ್ಟ್ಸ್ ಮಾದರಿಗಳಿದ್ದವು. ಬಿಸಿಲಿಗೂ ವರ್ಷಗಳ ಸವೆತಕ್ಕೂ ತಾಳಲೆಂದು ತಯಾರಕರು ಸ್ವಲ್ಪ ಅಂತರವನ್ನೂ ಇಟ್ಟಿರುತ್ತಾರೆ. ಓವರ್‌ಕ್ಲಾಕ್ ಮಾಡುವವರು ಕೈಹಾಕುವುದು ಆ ಅಂತರಕ್ಕೆ.

ವಿಧಾನಗಳು ಹಲವು. ಹಳೆಯದು ಮೂಲ ತಾಳವನ್ನೇ ಏರಿಸುವುದು. 1998ರ ಸೆಲೆರಾನ್ 300ಎ ಇದಕ್ಕೆ ಹೆಸರಾಗಿತ್ತು. 66 ಇದ್ದ ತಾಳವನ್ನು 100ಕ್ಕೆ ಏರಿಸಿದರೆ 300 ಮೆಗಾಹರ್ಟ್ಸ್‌ನ ಚಿಪ್ 450ರಲ್ಲಿ ಓಡುತ್ತಿತ್ತು. ಇಂದಿನ ಬೋರ್ಡುಗಳಲ್ಲಿ ಈ ತಾಳ ಬದಲಾದರೆ ರ‍್ಯಾಮ್ ಮೊದಲಾದವುಗಳ ಲಯವೂ ತಪ್ಪಬಹುದು. ಹಾಗಾಗಿ ಹೆಚ್ಚು ಏರಿಸಲು ಬರುವುದಿಲ್ಲ.

ಎರಡನೆಯದು ಬಯಾಸ್‌ನಲ್ಲಿ ಗುಣಕ ಏರಿಸುವುದು. ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಹೆಸರಿನಲ್ಲಿ 'ಕೆ' ಅಕ್ಷರವಿರುವ ಪ್ರೊಸೆಸರ್‌ಗೂ ತಕ್ಕ ಮದರ್‌ಬೋರ್ಡಿಗೂ ಮಾತ್ರ ಇದು ಸಾಧ್ಯ. ಎಎಂಡಿಯ ಹೆಚ್ಚಿನ ರೈಝನ್‌ಗಳಲ್ಲಿ ಬೀಗ ತೆರೆದೇ ಇದೆ. ಮೂರನೆಯದು, ವಿಂಡೋಸ್‌ನಲ್ಲಿದ್ದುಕೊಂಡೇ ಕಂಪೆನಿಯ ಸಾಫ್ಟ್‌ವೇರ್ ಮೂಲಕ ಮಾಡುವುದು. ನಾಲ್ಕನೆಯದು ಸ್ವಯಂಚಾಲಿತ. ಚಿಪ್ ತಂಪಾಗಿರುವಷ್ಟು ಹೊತ್ತು ತಾನೇ ವೇಗ ಏರಿಸಿಕೊಳ್ಳುವ ಟರ್ಬೊ ವ್ಯವಸ್ಥೆ ಇಂದಿನ ಬಹುತೇಕ ಪ್ರೊಸೆಸರ್‌ಗಳಲ್ಲಿ ಇದೆ. ಅಂದರೆ ಸುರಕ್ಷಿತ ಮಿತಿಯೊಳಗಿನ ವೇಗ ನಿಮಗೆ ಈಗಾಗಲೇ ಸಿಗುತ್ತಿದೆ.

ಇವುಗಳ ಜೊತೆಗೆ ಬರುವ ಅಪಾಯಕಾರಿ ಹೆಜ್ಜೆ ವೋಲ್ಟೇಜ್. ವೇಗ ಏರಿದಂತೆ ಚಿಪ್ ತಡವರಿಸುತ್ತದೆ. ಅದನ್ನು ಸರಿಪಡಿಸಲು ವೋಲ್ಟೇಜ್ ಏರಿಸುತ್ತಾರೆ. ಶಾಖ ಏರುವುದು ವೇಗದ ಲೆಕ್ಕದಲ್ಲಿ ಮಾತ್ರವಲ್ಲ, ವೋಲ್ಟೇಜ್‌ನ ವರ್ಗದ ಲೆಕ್ಕದಲ್ಲಿ. ಎರಡನ್ನೂ ಶೇ. 10ರಷ್ಟು ಏರಿಸಿದರೆ ಶಾಖ ಸುಮಾರು ಶೇ. 33ರಷ್ಟು ಹೆಚ್ಚುತ್ತದೆ! 2011ರಲ್ಲಿ ಎಎಂಡಿ ಚಿಪ್ಪೊಂದನ್ನು 8.429 ಗಿಗಾಹರ್ಟ್ಸ್‌ಗೆ ಏರಿಸಿ ದಾಖಲೆ ಮಾಡಿದಾಗ ಅದನ್ನು ತಂಪಾಗಿಡಲು ದ್ರವ ಹೀಲಿಯಂ ಬೇಕಾಯಿತು. ಆವತಿಯ ಅಂಗಡಿಯಲ್ಲಿ ಇರುವುದು ಒಂದು ಫ್ಯಾನ್, ಮೇಲೆ ಕಾದ ಶೀಟು. ಕೋಣೆಯ ಗಾಳಿಗಿಂತ ತಂಪಾಗಿ ಚಿಪ್ಪನ್ನು ಇಡಲು ಯಾವ ಫ್ಯಾನಿಗೂ ಸಾಧ್ಯವಿಲ್ಲ.

ಹೆಚ್ಚು ವೋಲ್ಟೇಜ್ ಮಾಡುವ ಗಾಯ ಮಾಯುವಂಥದ್ದಲ್ಲ. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಪದೇ ಪದೇ ಕೈಕೊಟ್ಟಾಗ, ಅಗತ್ಯಕ್ಕಿಂತ ಹೆಚ್ಚಿನ ವೋಲ್ಟೇಜ್ ಇದಕ್ಕೆ ಕಾರಣವೆಂದು 2024ರಲ್ಲಿ ಕಂಪೆನಿಯೇ ಹೇಳಿ, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ನೀವೇ ಕೈಯಾರೆ ಏರಿಸಿ ಕೆಡಿಸಿದರೆ ಸಾಮಾನ್ಯವಾಗಿ ವಾರಂಟಿಯೂ ಸಿಗುವುದಿಲ್ಲ.

ಮತ್ತೆ ಅಂಗಡಿಗೆ ಬರೋಣ. ಬಯಾಸ್ ಅನ್ನು ಮೊದಲಿನ ಸ್ಥಿತಿಗೆ ತಂದೆವು, ಅರ್ಜಿಗಳು ಹೋದವು. ಸಂಜೆ ಡಬ್ಬ ಬಿಚ್ಚಿ ನೋಡಿದರೆ ಹೀಟ್‌ಸಿಂಕ್‌ನ ಸಂದುಗಳಲ್ಲಿ ಹೆದ್ದಾರಿಯ ಧೂಳು ಹತ್ತಿಯಂತೆ ತುಂಬಿತ್ತು. ಪ್ರೊಸೆಸರ್ ಮೇಲಿನ ಪೇಸ್ಟ್ ಒಣಗಿತ್ತು. ಅದಕ್ಕಿಂತ ಮುಖ್ಯವಾಗಿ, ವಿಂಡೋಸ್ ಇನ್ನೂ ಹಳೆಯ ಹಾರ್ಡ್‌ಡಿಸ್ಕ್‌ನಲ್ಲೇ ಇತ್ತು. ಧೂಳು ತೆಗೆದು, ಎಸ್.ಪಿ. ರೋಡಿನಿಂದ ಹೊಸ ಪೇಸ್ಟ್ ಮತ್ತು ಒಂದು ಎಸ್‌ಎಸ್‌ಡಿ ತಂದು ಹಾಕಿದೆವು. ತೆರೆಯಲು ಎರಡು ಮೂರು ನಿಮಿಷ ತೆಗೆದುಕೊಳ್ಳುತ್ತಿದ್ದ ಕಂಪ್ಯೂಟರ್ ಅರ್ಧ ನಿಮಿಷದೊಳಗೆ ತೆರೆಯಿತು. ನಿಧಾನವಾಗಿದ್ದದ್ದು ಪ್ರೊಸೆಸರ್ ಅಲ್ಲವೇ ಅಲ್ಲ!

ಹಾಗೆಂದು ಓವರ್‌ಕ್ಲಾಕಿಂಗ್ ಕಲಿಯಲೇಬಾರದೆಂದಲ್ಲ. ಕಲಿಯುವವರು ಮೊದಲು ಕಡತಗಳ ಪ್ರತಿ ತೆಗೆದಿಡಲಿ. ಗುಣಕವನ್ನು ಒಮ್ಮೆಗೆ ಒಂದೇ ಅಂಕೆ ಏರಿಸಲಿ, ವೋಲ್ಟೇಜ್ ಮುಟ್ಟದಿರಲಿ. ಪ್ರತಿ ಸಲವೂ ಪೂರ್ತಿ ಹೊರೆ ಹೊರಿಸಿ ಉಷ್ಣಾಂಶ ನೋಡಲಿ, ತಡವರಿಸಿದರೆ ಹಿಂದೆ ಬರಲಿ. ಎಸ್‌ಎಂಪಿಎಸ್ ಅಗ್ಗದ್ದಾಗಿದ್ದರೆ ಆ ಯೋಚನೆಯೇ ಬೇಡ, ಲ್ಯಾಪ್‌ಟಾಪ್‌ನಲ್ಲಂತೂ ಬೇಡವೇ ಬೇಡ.

ಅಕ್ಕನ ಮಗನಿಗೆ ಕಲಿಯಲೆಂದು ಒಂದು ಹಳೆಯ ಮದರ್‌ಬೋರ್ಡ್ ಮತ್ತು ಪ್ರೊಸೆಸರ್ ಹುಡುಕಿಕೊಟ್ಟಿದ್ದೇನೆ. ಅದರ ಮೇಲೆ ಅವನು ಎಷ್ಟು ಬೇಕಾದರೂ ಪ್ರಯೋಗ ಮಾಡಲಿ. ಅಂಗಡಿಯ ಕಂಪ್ಯೂಟರನ್ನು ಮೂರು ತಿಂಗಳಿಗೊಮ್ಮೆ ಬಿಚ್ಚಿ ಧೂಳು ತೆಗೆಯುವ ಕೆಲಸವೂ ಈಗ ಅವನದ್ದೇ.