ಒಂದೇ ಹಗಲಿನಲ್ಲಿ ಚಾಲುಕ್ಯರ ನಾಡು: ಪ್ರವಾಸ ಯಾರದು, ಫಲ ಯಾರಿಗೆ?

ಬಾಗಲಕೋಟೆ ಜಿಲ್ಲೆಗೆ ಬರುವ ಪ್ರವಾಸಿಗನ ದಿನಚರಿ ಬಹುಮಟ್ಟಿಗೆ ಪೂರ್ವನಿಶ್ಚಿತ. ಬೆಳಿಗ್ಗೆ ಬಾದಾಮಿಯ ಗುಹೆಗಳು, ಬನಶಂಕರಿಯ ದರ್ಶನ, ದಾರಿಯಲ್ಲಿ ಮಹಾಕೂಟ, ನಡುಹಗಲಿನ ಬಿಸಿಲಿಗೆ ಪಟ್ಟದಕಲ್ಲು, ಇಳಿಹೊತ್ತಿಗೆ ಐಹೊಳೆ, ಸಂಜೆಗೆ ಕೂಡಲಸಂಗಮ. ಸಮಯ ಉಳಿದರೆ ಆಲಮಟ್ಟಿಯ ಸಂಗೀತ ಕಾರಂಜಿ. ರಾತ್ರಿ ಊಟದ ಹೊತ್ತಿಗೆ ವಾಹನ ಹೊಸಪೇಟೆ, ಹುಬ್ಬಳ್ಳಿ ಅಥವಾ ವಿಜಯಪುರದ ದಾರಿ ಹಿಡಿದಿರುತ್ತದೆ. ಹದಿನಾಲ್ಕು ಶತಮಾನಗಳ ಚರಿತ್ರೆ, ಎರಡು ನದಿಗಳು, ಬೆಟ್ಟಗಳ ನಡುವಿನ ಒಂದು ಪುರಾತನ ಕೆರೆ ಎಲ್ಲವೂ ಹನ್ನೆರಡು ಗಂಟೆಗಳಲ್ಲಿ ಮುಗಿದುಹೋಗುತ್ತವೆ.

ಲೆಕ್ಕ ಹಾಕಿ ನೋಡಿದರೆ ಇದರ ಅಸಂಗತತೆ ತಿಳಿಯುತ್ತದೆ. ಬಾಗಲಕೋಟೆಯಿಂದ ಹೊರಟು ಇಷ್ಟೂ ಸ್ಥಳಗಳನ್ನು ಸುತ್ತಿ ಮರಳಲು ನೂರೈವತ್ತು ಕಿಲೋಮೀಟರ್‌ಗೂ ಹೆಚ್ಚು ದೂರ ಕ್ರಮಿಸಬೇಕು. ಹಳ್ಳಿಗಳನ್ನು ಹಾದುಹೋಗುವ ರಸ್ತೆಗಳಲ್ಲಿ ಇದಕ್ಕೆ ನಾಲ್ಕೈದು ಗಂಟೆ ಬೇಕು. ಊಟ, ವಿಶ್ರಾಂತಿಗೆ ಎರಡು ಗಂಟೆ ಕಳೆದರೆ, ಆರು ಸ್ಥಳಗಳಿಗೆ ಉಳಿಯುವುದು ಐದಾರು ಗಂಟೆ ಮಾತ್ರ. ಅಂದರೆ ಒಂದು ಸ್ಥಳಕ್ಕೆ ಹೆಚ್ಚೆಂದರೆ ಒಂದು ಗಂಟೆ. ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದ ಕಂಬಗಳ ಮೇಲಿನ ಕಥೆಗಳನ್ನು ಒಬ್ಬ ಮಾರ್ಗದರ್ಶಿ ಎಷ್ಟೇ ಶ್ರದ್ಧೆಯಿಂದ ವಿವರಿಸಹೊರಟರೂ, ಚಾಲಕ ಕೈಗಡಿಯಾರ ನೋಡುತ್ತಿರುತ್ತಾನೆ.

ಇದು ಪ್ರವಾಸಿಯ ತಪ್ಪೆಂದು ಹೇಳಲಾಗದು. ರಜೆ ಕಡಿಮೆಯಿರುವ, ಕುಟುಂಬ ಸಮೇತ ಬರುವ ಸಾಮಾನ್ಯ ನೌಕರನಿಗೆ ಒಂದು ದಿನದ ಪ್ರವಾಸವೇ ಕೈಗೆಟಕುವ ಪ್ರವಾಸ. ಪ್ರಶ್ನೆ ಇರುವುದು ಆ ಒಂದು ದಿನವನ್ನು ನಾವು ಹೇಗೆ ರೂಪಿಸಿದ್ದೇವೆ ಎಂಬುದರಲ್ಲಿ. ಅದರ ಲಾಭ ಮತ್ತು ಹೊರೆ ಯಾರ ಪಾಲಿಗೆ ಹೋಗುತ್ತಿವೆ ಎಂಬುದರಲ್ಲಿ.

ಹಿನ್ನೆಲೆಯಾಗಿಯೇ ಉಳಿದ ಕೆರೆ

ಬಾದಾಮಿಯ ಅಗಸ್ತ್ಯ ತೀರ್ಥವನ್ನೇ ತೆಗೆದುಕೊಳ್ಳಿ. ಎರಡು ಕೆಂಪು ಮರಳುಗಲ್ಲಿನ ಬೆಟ್ಟಗಳ ಕಣಿವೆಯಲ್ಲಿ ಮಳೆನೀರನ್ನು ಹಿಡಿದಿಟ್ಟ ಈ ಕೆರೆ ಇಲ್ಲದಿದ್ದರೆ ಬಾದಾಮಿ ರಾಜಧಾನಿಯಾಗುವುದು ಕಷ್ಟವಿತ್ತು. ಉತ್ತರದ ಬೆಟ್ಟದ ಬಂಡೆಯ ಮೇಲೆ ಒಂದನೆಯ ಪುಲಕೇಶಿ ಕ್ರಿ.ಶ. 543ರಲ್ಲಿ ಕೋಟೆ ಕಟ್ಟಿದ ಸಂಗತಿ ಕೆತ್ತಲ್ಪಟ್ಟಿದೆ. ದಕ್ಷಿಣದ ಬೆಟ್ಟದಲ್ಲಿ ನಾಲ್ಕು ಗುಹೆಗಳಿದ್ದು, ಮೂರನೆಯದರಲ್ಲಿ ಮಂಗಳೇಶನ 578ರ ಶಾಸನವಿದೆ. ಕೋಟೆ, ಗುಹೆ, ಭೂತನಾಥ ದೇವಾಲಯ ಇವೆಲ್ಲ ನೀರಿನ ಸುತ್ತ ಬೆಳೆದವು. ಶುಷ್ಕ ನಾಡಿನಲ್ಲಿ ನೀರು ಇದ್ದಲ್ಲಿ ರಾಜ್ಯ ಎಂಬ ಪಾಠವನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಸ್ಥಳ ಕರ್ನಾಟಕದಲ್ಲಿ ವಿರಳ.

ಆದರೆ ಒಂದು ದಿನದ ಪ್ರವಾಸಿಗೆ ಈ ಕೆರೆ ಛಾಯಾಚಿತ್ರದ ಹಿನ್ನೆಲೆ ಮಾತ್ರ. ಗುಹೆಗಳ ಮೆಟ್ಟಿಲಿನಿಂದ ಕೆಳಗೆ ನೋಡಿ ಒಂದು ಚಿತ್ರ ತೆಗೆದುಕೊಂಡು ಇಳಿದುಬಿಡುತ್ತಾನೆ. ಕೆರೆಯ ದಡದಲ್ಲಿ ನಡೆದು ಭೂತನಾಥ ದೇವಾಲಯದವರೆಗೆ ಹೋಗಿಬರಲು, ವಸ್ತುಸಂಗ್ರಹಾಲಯ ನೋಡಲು, ಉತ್ತರದ ಕೋಟೆ ಹತ್ತಲು ಕನಿಷ್ಠ ಮೂರು ಗಂಟೆ ಬೇಕು. ಮಳೆಗಾಲದಲ್ಲಿ ಬಂಡೆಯ ಮೇಲಿನಿಂದ ಧುಮುಕುವ ಅಕ್ಕ-ತಂಗಿ ಜಲಪಾತವನ್ನು ನೋಡಲು ಬರುವವರು ಹೆಚ್ಚಾಗಿ ಸುತ್ತಲಿನ ಊರಿನವರೇ.

ಇದೇ ಕೆರೆಯ ಮೆಟ್ಟಿಲುಗಳ ಮೇಲೆ ಬಾದಾಮಿಯ ಹೆಣ್ಣುಮಕ್ಕಳು ಬಟ್ಟೆ ಒಗೆಯುತ್ತ ಬಂದಿದ್ದಾರೆ. ಪರಂಪರೆಯ ಹೆಸರಿನಲ್ಲಿ ಅದನ್ನು ನಿಷೇಧಿಸಬೇಕೆಂಬ ಮಾತು ಆಗಾಗ ಕೇಳಿಬರುತ್ತದೆ. ಸಾಬೂನಿನ ನೊರೆ ನೀರಿಗೆ ಒಳ್ಳೆಯದಲ್ಲ ಎಂಬುದು ನಿಜ. ಆದರೆ ಮನೆಮನೆಗೆ ಸಾಕಷ್ಟು ನೀರು ಒದಗಿಸದೆ, ಒಗೆಯಲು ಬೇರೊಂದು ಕಟ್ಟೆ ಕಟ್ಟಿಕೊಡದೆ ಕೆರೆಯಿಂದ ಅವರನ್ನು ಎಬ್ಬಿಸುವುದು ನ್ಯಾಯವಲ್ಲ. ಒಂದು ಗಂಟೆಯ ಅತಿಥಿಯ ಕಣ್ಣಿಗಾಗಿ ತಲೆಮಾರುಗಳ ನಿವಾಸಿಯನ್ನು ದೂರ ಸರಿಸುವುದು ಪರಂಪರೆಯ ರಕ್ಷಣೆ ಎನಿಸದು.

ಕಾಡು ಎಂದು ಕಾಣದ ಕಾಡು

ರಾಜ್ಯದ ಐದು ರಾಷ್ಟ್ರೀಯ ಉದ್ಯಾನಗಳಲ್ಲಿ ಒಂದೂ ಈ ಭಾಗದಲ್ಲಿಲ್ಲ. ಬಂಡೀಪುರ, ನಾಗರಹೊಳೆ, ಬನ್ನೇರುಘಟ್ಟ, ಕುದುರೆಮುಖ, ಅಣಶಿ ಎಲ್ಲವೂ ದಕ್ಷಿಣಕ್ಕೋ ಪಶ್ಚಿಮಘಟ್ಟಕ್ಕೋ ಸೇರಿದವು. ಹೀಗಾಗಿ ಬಯಲುಸೀಮೆಯಲ್ಲಿ ಕಾಡೇ ಇಲ್ಲ ಎಂಬ ಭಾವನೆ ನಗರವಾಸಿಗಳಲ್ಲಿ ಬೇರೂರಿದೆ. ಆದರೆ ಬೀಳಗಿ ಮತ್ತು ಮುಧೋಳ ತಾಲ್ಲೂಕುಗಳ ಕುರುಚಲು ಗುಡ್ಡಗಳಲ್ಲಿ ಚಿಂಕಾರಾಗಳು ಬದುಕಿವೆ. ಅವುಗಳಿಗಾಗಿಯೇ 2016ರಲ್ಲಿ ಯಡಹಳ್ಳಿ ಚಿಂಕಾರಾ ವನ್ಯಜೀವಿ ಧಾಮ ಘೋಷಣೆಯಾಯಿತು. ಅದರ ವಿಸ್ತೀರ್ಣ ಸುಮಾರು 96 ಚದರ ಕಿಲೋಮೀಟರ್.

ಪ್ರವಾಸದ ಪಟ್ಟಿಗಳಲ್ಲಿ ಈ ಧಾಮದ ಹೆಸರು ಸಾಮಾನ್ಯವಾಗಿ ಕಾಣಿಸದು. ಒಂದು ರೀತಿಯಲ್ಲಿ ಅದು ಒಳ್ಳೆಯದೇ. ಚಿಂಕಾರಾ ಸಂಕೋಚದ ಪ್ರಾಣಿ. ಸಣ್ಣ ಧಾಮದಲ್ಲಿ ಜೀಪುಗಳ ಸಾಲು ಓಡತೊಡಗಿದರೆ ಅದಕ್ಕೆ ಅಡಗಲು ಜಾಗ ಉಳಿಯದು. ಆದರೆ ಯಾರಿಗೂ ತಿಳಿಯದ ಕಾಡಿಗೆ ಯಾರ ಬೆಂಬಲವೂ ಇರುವುದಿಲ್ಲ ಎಂಬ ಮಾತೂ ಅಷ್ಟೇ ನಿಜ. ಮುಳ್ಳುಕಂಟಿ ಬೆಳೆದ ಗುಡ್ಡವನ್ನು ಪಾಳುಭೂಮಿಯೆಂದು ಕರೆದು ಗಣಿಗೋ ವಿದ್ಯುತ್ ಸ್ಥಾವರಕ್ಕೋ ಕೊಟ್ಟುಬಿಡುವುದು ಆಡಳಿತಕ್ಕೆ ಸುಲಭ. ಶಾಲಾ ಮಕ್ಕಳ ಸಣ್ಣ ತಂಡಗಳನ್ನು ಧಾಮದ ಅಂಚಿನಲ್ಲಿ, ಅರಣ್ಯ ಸಿಬ್ಬಂದಿಯ ಜೊತೆ ಕಾಲ್ನಡಿಗೆಯಲ್ಲಿ ಕರೆದೊಯ್ಯುವ ವ್ಯವಸ್ಥೆ ಇವೆರಡರ ನಡುವಿನ ದಾರಿಯಾಗಬಲ್ಲದು.

ಕೃಷ್ಣೆಯ ಹಿನ್ನೀರಿನದೂ ಇದೇ ಕಥೆ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ, 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಲೋಕಾರ್ಪಣೆ ಮಾಡಿದ ಆಲಮಟ್ಟಿ ಜಲಾಶಯ ಬಾಗಲಕೋಟೆಯ ಹಳೆಯ ಊರಿನ ಒಂದು ಭಾಗವನ್ನೇ ನುಂಗಿತು. ನವನಗರ ಹುಟ್ಟಿದ್ದು ಆ ಮುಳುಗಡೆಯಿಂದ. ಚಳಿಗಾಲದಲ್ಲಿ ಹಿನ್ನೀರಿಗೆ ರಾಜಹಂಸಗಳು ಬರುತ್ತವೆ. ಪ್ರವಾಸಿಗನಿಗೆ ಸುಂದರ ಸರೋವರವಾಗಿ ಕಾಣುವ ಈ ನೀರಿನ ಅಡಿಯಲ್ಲಿ ಯಾರದೋ ಹೊಲ, ಯಾರದೋ ಓಣಿ ಇದೆ. ಜಲಾಶಯದ ಮಟ್ಟವನ್ನು 519.60 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸಲು ಎರಡನೆಯ ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಅನುಮತಿಸಿದ ಮೇಲೆ, ಇನ್ನಷ್ಟು ಊರುಗಳು ತಮ್ಮ ಭವಿಷ್ಯ ತಿಳಿಯದೆ ಕಾದಿವೆ. ಮಾರ್ಗದರ್ಶಿಯ ವಿವರಣೆಯಲ್ಲಿ ಚಾಲುಕ್ಯರಿದ್ದಾರೆ, ಬಸವಣ್ಣನವರಿದ್ದಾರೆ, ಮುಳುಗಡೆಯಾದವರು ಇಲ್ಲ.

ಹೊರೆ ಇಲ್ಲಿ, ಹಣ ಅಲ್ಲಿ

ಪ್ರವಾಸೋದ್ಯಮದಿಂದ ಸ್ಥಳೀಯರಿಗೆ ಏನು ದಕ್ಕುತ್ತಿದೆ? ಸ್ಮಾರಕಗಳ ಪ್ರವೇಶ ಶುಲ್ಕ ಕೇಂದ್ರದ ಬೊಕ್ಕಸಕ್ಕೆ ಹೋಗುತ್ತದೆ. ವಸತಿ ಮತ್ತು ರಾತ್ರಿ ಊಟದ ಖರ್ಚು ಬಹುಪಾಲು ಹೊಸಪೇಟೆ, ಹುಬ್ಬಳ್ಳಿಗಳ ಪಾಲು. ಬಾದಾಮಿಯಲ್ಲಿ ಪ್ರವಾಸೋದ್ಯಮ ನಿಗಮದ ಮಯೂರ ಚಾಲುಕ್ಯ ಹಾಗೂ ಕೆಲವು ಖಾಸಗಿ ಹೋಟೆಲುಗಳಿದ್ದರೂ, ಬೆಳಿಗ್ಗೆ ಬಂದು ಸಂಜೆ ಹೊರಡುವವನಿಗೆ ಅವುಗಳ ಅಗತ್ಯವಿಲ್ಲ. ಊರಿಗೆ ಉಳಿಯುವುದು ವಾಹನ ನಿಲುಗಡೆಯ ಶುಲ್ಕ, ಎಳನೀರು, ಕಡಲೆಕಾಯಿ ಮಾರಾಟ ಮತ್ತು ಪ್ಲಾಸ್ಟಿಕ್ ಕಸ.

ಹೊರೆಯಾದರೋ ಪೂರ್ತಿ ಇಲ್ಲಿನವರದೇ. 2010ರ ಕಾನೂನು ತಿದ್ದುಪಡಿಯ ಪ್ರಕಾರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ನೂರಕ್ಕೂ ಹೆಚ್ಚು ದೇವಾಲಯಗಳು ಹರಡಿರುವ ಐಹೊಳೆಯಂಥ ಊರಿನಲ್ಲಿ ಈ ವಲಯಗಳನ್ನು ಬಿಟ್ಟು ಮನೆ ಕಟ್ಟಲು ಜಾಗವೇ ಉಳಿಯದು. ಒಂದು ಕಾಲಕ್ಕೆ ಜನ ದೇವಾಲಯಗಳಲ್ಲೇ ವಾಸವಿದ್ದ ಊರಿದು. ಲಾಡಖಾನ್ ದೇವಾಲಯಕ್ಕೆ ಹೆಸರು ಬಂದುದೇ ಅಲ್ಲಿ ವಾಸಿಸಿದ್ದವನಿಂದ. ಊರನ್ನು ಸ್ಥಳಾಂತರಿಸುವ ಮಾತು ದಶಕಗಳಿಂದ ನಡೆದಿದೆ. ಸ್ಥಳಾಂತರದ ನಿರೀಕ್ಷೆಯಲ್ಲಿ ಮನೆ ದುರಸ್ತಿಗೂ ಹಿಂಜರಿಯುವ ಕುಟುಂಬಗಳಿಗೆ, ಬಸ್ಸಿನಿಂದಿಳಿದು ದುರ್ಗ ದೇವಾಲಯ ನೋಡಿ ಹೊರಡುವ ಪ್ರವಾಸಿಗೆ ಇದೆಲ್ಲ ತಿಳಿಯದೆ ಇರುವುದು ಸಹಜ.

2009ರ ಅಕ್ಟೋಬರ್ ಪ್ರವಾಹ, 2019ರ ಆಗಸ್ಟ್ ಪ್ರವಾಹ ಇನ್ನೊಂದು ಎಚ್ಚರಿಕೆ. ನವಿಲುತೀರ್ಥ ಅಣೆಕಟ್ಟೆಯಿಂದ ಬಿಟ್ಟ ನೀರಿನಿಂದ ಮಲಪ್ರಭೆ ಉಕ್ಕಿ, 2019ರಲ್ಲಿ 1987ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಪಟ್ಟದಕಲ್ಲಿನ ದೇವಾಲಯ ಸಮೂಹದೊಳಗೆ ನೀರು ನುಗ್ಗಿತು. ದೇವಾಲಯಗಳು ನಿಂತವು, ಸುತ್ತಲಿನ ಮನೆಗಳಿಗೆ ಆ ಗಟ್ಟಿತನ ಇರಲಿಲ್ಲ. ಸ್ಮಾರಕಕ್ಕೆ ಬೇಲಿ, ದೀಪ, ಉದ್ಯಾನ ಒದಗಿಸುವ ಯೋಜನೆಗಳು ಆ ಸ್ಮಾರಕದ ನೆರೆಯವರ ಸುರಕ್ಷತೆಯನ್ನೂ ತಮ್ಮ ಭಾಗವೆಂದು ತಿಳಿಯಬೇಕಿತ್ತು. 2015ರಲ್ಲಿ ಕೇಂದ್ರದ 'ಹೃದಯ್' ಯೋಜನೆಗೆ ಆಯ್ಕೆಯಾದ 12 ಪಾರಂಪರಿಕ ನಗರಗಳಲ್ಲಿ ಬಾದಾಮಿಯೂ ಒಂದು. ಯೋಜನೆ 2019ರಲ್ಲಿ ಮುಗಿಯಿತು; ಕೋಟೆ, ಕೆರೆ, ಊರು ಮೂರನ್ನೂ ಒಟ್ಟಾಗಿ ನೋಡುವ ಕೆಲಸ ಇನ್ನೂ ಬಾಕಿ ಉಳಿದಿದೆ.

ಹುನಗುಂದ, ಇಳಕಲ್ ಏಕೆ ಹೊರಗೆ?

ಐಹೊಳೆ, ಕೂಡಲಸಂಗಮಗಳು ಹುನಗುಂದ ಸೀಮೆಯವು. ಅಲ್ಲಿಂದ ಇಳಕಲ್ ಹತ್ತಿರ, ಹೆದ್ದಾರಿಯೂ ಇದೆ. ಆದರೂ ಇಳಕಲ್ ಹೆಚ್ಚಿನ ಪ್ರವಾಸಿಗರಿಗೆ ದಾರಿಬದಿಯ ನಾಮಫಲಕ ಮಾತ್ರ. ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕೊಂಡಿ ಹಾಕಿ ಜೋಡಿಸುವ ತೋಪು-ತೆನಿ ವಿಧಾನ ಇಲ್ಲಿನ ಸೀರೆಯ ವೈಶಿಷ್ಟ್ಯ. ಈ ಸೀರೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಇದೆ. ಆದರೆ ವಿದ್ಯುತ್ ಮಗ್ಗದ ಅಗ್ಗದ ಅನುಕರಣೆ ಮಾರುಕಟ್ಟೆ ತುಂಬಿರುವಾಗ, ಕೈಮಗ್ಗದ ಸೀರೆಯ ಬೆಲೆ ಏಕೆ ಹೆಚ್ಚೆಂದು ಕೊಳ್ಳುವವನಿಗೆ ತಿಳಿಯುವುದು ಮಗ್ಗದ ಮುಂದೆ ಅರ್ಧ ಗಂಟೆ ಕುಳಿತಾಗಲೇ. ಆ ಅರ್ಧ ಗಂಟೆಗೆ ಪ್ರವಾಸದ ವೇಳಾಪಟ್ಟಿಯಲ್ಲಿ ಜಾಗವಿಲ್ಲ. ಗುಳೇದಗುಡ್ಡದ ಖಣಕ್ಕೂ ಇದೇ ಗತಿ. ಅಮೀನಗಡದ ಕರದಂಟು ಮಾತ್ರ ಅದೃಷ್ಟವಂತ. ಅದನ್ನು ಕೊಳ್ಳಲು ಐದು ನಿಮಿಷ ಸಾಕು.

ಬೇರೆಯವರು ಏನು ಮಾಡಿದರು?

ಹಗಲು ಪ್ರವಾಸಿಗರ ಸಮಸ್ಯೆ ನಮ್ಮದೊಂದೇ ಅಲ್ಲ. ಕೆನಡಾದ ಬ್ಯಾನ್ಫ್ ರಾಷ್ಟ್ರೀಯ ಉದ್ಯಾನದ ಮೊರೇನ್ ಸರೋವರಕ್ಕೆ ಖಾಸಗಿ ಕಾರುಗಳ ಪ್ರವೇಶವನ್ನು 2023ರಿಂದ ನಿಲ್ಲಿಸಲಾಯಿತು. ಈಗ ಅಲ್ಲಿಗೆ ಹೋಗಲು ಬಸ್ಸನ್ನೇ ಅವಲಂಬಿಸಬೇಕು. ವೆನಿಸ್ ನಗರ 2024ರಲ್ಲಿ, ರಾತ್ರಿ ತಂಗದೆ ಹೊರಡುವವರ ಮೇಲೆ ಆಯ್ದ ದಿನಗಳಲ್ಲಿ ಶುಲ್ಕ ವಿಧಿಸತೊಡಗಿತು. ಕ್ರೊಯೇಷಿಯಾದ ಪ್ಲಿಟ್ವಿತ್ಸೆ ಸರೋವರಗಳಿಗೆ ಪ್ರವೇಶದ ಗಂಟೆಯನ್ನು ನಮೂದಿಸಿದ ಟಿಕೆಟ್ ಬೇಕು. ಅಲ್ಲಿನ ಜನಸಂದಣಿಗೂ ಬಾದಾಮಿಯ ಜನಸಂದಣಿಗೂ ಹೋಲಿಕೆಯಿಲ್ಲ. ಬಾದಾಮಿಗೆ ಪ್ರವಾಸಿಗರು ಇನ್ನೂ ಬರಬೇಕಾಗಿದೆ. ಹಾಗಾಗಿ ನಿರ್ಬಂಧದ ಕ್ರಮಗಳನ್ನು ಯಥಾವತ್ತಾಗಿ ನಕಲು ಮಾಡುವುದು ಅವಿವೇಕ. ಆದರೆ ಒಂದು ತತ್ವ ಕಲಿಯಬಹುದು: ಪ್ರವಾಸಿ ಎಲ್ಲಿ ಎಷ್ಟು ಹೊತ್ತು ಇರುತ್ತಾನೆ ಎಂಬುದನ್ನು ವಾಹನ ಮಾಲೀಕರಿಗೆ ಬಿಟ್ಟುಬಿಡದೆ, ಸಾರ್ವಜನಿಕ ವ್ಯವಸ್ಥೆಯೇ ನಿರ್ಧರಿಸಬಹುದು.

ನಮ್ಮಲ್ಲಿ ಇದನ್ನು ಸರಳವಾಗಿ ಆರಂಭಿಸಬಹುದು. ಬಾದಾಮಿ, ಮಹಾಕೂಟ, ಪಟ್ಟದಕಲ್ಲು, ಐಹೊಳೆಗಳ ನಡುವೆ ದಿನವಿಡೀ ನಿಗದಿತ ವೇಳೆಗೆ ಓಡುವ ಸಾರಿಗೆ ಸಂಸ್ಥೆಯ ವರ್ತುಲ ಬಸ್ಸು, ಒಂದೇ ಟಿಕೆಟಿನಲ್ಲಿ ಎಲ್ಲಿ ಬೇಕಾದರೂ ಇಳಿದು ಮತ್ತೆ ಹತ್ತುವ ಅನುಕೂಲ ಮೊದಲ ಹೆಜ್ಜೆ. ಆರು ಸ್ಥಳಗಳ ಒಂದು ದಿನಕ್ಕೆ ಬದಲಾಗಿ ಎರಡು ಬೇರೆ ಬೇರೆ ದಿನಗಳ ಪ್ರವಾಸ ರೂಪಿಸುವುದು ಎರಡನೆಯದು: ಒಂದು, ಬಾದಾಮಿ, ಕೆರೆ, ಮಹಾಕೂಟ, ಪಟ್ಟದಕಲ್ಲು; ಇನ್ನೊಂದು, ಐಹೊಳೆ, ಕೂಡಲಸಂಗಮ, ಇಳಕಲ್. ಒಂದೇ ದಿನವಿರುವವನು ಒಂದನ್ನು ಆರಿಸಿಕೊಳ್ಳಲಿ. ಎರಡನೆಯದಕ್ಕೆ ಮತ್ತೆ ಬರಲಿ ಅಥವಾ ರಾತ್ರಿ ಇಲ್ಲೇ ತಂಗಲಿ. ಮೂರನೆಯದು, ಪ್ರವೇಶ ಶುಲ್ಕದ ನಿಗದಿತ ಪಾಲು ಆಯಾ ಊರಿನ ಪಂಚಾಯಿತಿ ಅಥವಾ ಪುರಸಭೆಗೆ ಸೇರಬೇಕು. ಕುಡಿಯುವ ನೀರು, ಕಸ ವಿಲೇವಾರಿ, ಒಗೆಯುವ ಕಟ್ಟೆಗಳಿಗೆ ಅದು ಬಳಕೆಯಾಗಬೇಕು. ನಾಲ್ಕನೆಯದು, ಐಹೊಳೆಯ ಸ್ಥಳಾಂತರದ ವಿಷಯದಲ್ಲಿ ಆಗುವುದೋ ಇಲ್ಲವೋ ಎಂಬ ಸ್ಪಷ್ಟ ಉತ್ತರ ಮತ್ತು ಅದಕ್ಕೊಂದು ಕಾಲಮಿತಿ.

ಇವುಗಳಲ್ಲಿ ಮೊದಲ ಎರಡಕ್ಕೆ ಹೊಸ ಕಾನೂನು ಬೇಡ, ದೊಡ್ಡ ಬಂಡವಾಳವೂ ಬೇಡ. ಮೂರನೆಯದಕ್ಕೆ ಕೇಂದ್ರದ ಒಪ್ಪಿಗೆ, ನಾಲ್ಕನೆಯದಕ್ಕೆ ರಾಜ್ಯದ ಮನಸ್ಸು ಬೇಕು. 1997ರಲ್ಲಿ ಪ್ರತ್ಯೇಕ ಜಿಲ್ಲೆಯಾದ ಬಾಗಲಕೋಟೆ ತನ್ನ ಹೊಸ ಗುರುತನ್ನು ಚಾಲುಕ್ಯರ ಹೆಸರಿನಲ್ಲಿ ಕಟ್ಟಿಕೊಂಡಿದೆ. ಆ ಹೆಸರು ಕರಪತ್ರಗಳಲ್ಲಿ ಮಾತ್ರ ಉಳಿಯದೆ, ಅಗಸ್ತ್ಯ ತೀರ್ಥದ ದಡದ ಮನೆಗೆ, ಐಹೊಳೆಯ ಓಣಿಗೆ, ಇಳಕಲ್ಲಿನ ಮಗ್ಗಕ್ಕೆ ಒಂದಿಷ್ಟು ಆದಾಯವಾಗಿ ತಲುಪಬೇಕು. ಮುಂದಿನ ಬಾರಿ ವಾಹನದವರು 'ಬೇಗ ಹತ್ತಿ' ಎಂದು ಕೂಗಿದಾಗ, ಒಂದು ಸ್ಥಳವನ್ನು ಬಿಟ್ಟು ಇನ್ನೊಂದರಲ್ಲಿ ನಿಧಾನವಾಗಿ ಕುಳಿತುಕೊಳ್ಳುವ ಸ್ವಾತಂತ್ರ್ಯ ಓದುಗರಿಗೆ ಇಂದಿಗೂ ಇದೆ. ಆ ನಿಧಾನಕ್ಕೆ ಅನುಕೂಲ ಕಲ್ಪಿಸುವುದು ಆಡಳಿತದ ಕೆಲಸ.