ಮಾಯ್ದ ಗಾಯವೇ ಮುಳುವಾದಾಗ

ಗಾಯ ಮಾಯಿತೆಂದರೆ ಕಷ್ಟ ಕಳೆಯಿತೆಂದು ನಾವೆಲ್ಲರೂ ನೆಮ್ಮದಿ ತಾಳುತ್ತೇವೆ. ಅಂಗೈಗೆ ಕುಡುಗೋಲು ತಾಗಿದ ಕಲೆಯಾಗಲಿ, ಬಾಲ್ಯದಲ್ಲಿ ಬಿದ್ದು ಮೊಣಕಾಲು ತರಚಿದ ಕಲೆಯಾಗಲಿ ಜೀವಮಾನವಿಡೀ ಉಳಿದರೂ ಅವುಗಳಿಂದ ಬಾಧಕವೇನೂ ಇಲ್ಲ. ಆದರೆ ದೇಹದೊಳಗಿನ ಕಿರಿದಾದ ನಾಳವೊಂದರಲ್ಲಿ ಅಂತಹುದೇ ಕಲೆ ಉಳಿದರೆ ಅದು ಗುರುತಾಗಿ ಮಾತ್ರ ಉಳಿಯುವುದಿಲ್ಲ; ತಡೆಗೋಡೆಯಾಗುತ್ತದೆ. ಮೂತ್ರಾಶಯದಿಂದ ಹೊರಕ್ಕೆ ಹೋಗುವ ಮೂತ್ರನಾಳಕ್ಕೆ ಪೆಟ್ಟು ಬಿದ್ದು, ಗಾಯ ಮಾಯ್ದು, ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ನಾಳವು ಕಿರಿದಾಗುವ ರೋಗವನ್ನು ಮೂತ್ರನಾಳ ಸಂಕೋಚವೆನ್ನುತ್ತಾರೆ. ವೈದ್ಯರ ಬಾಯಲ್ಲಿ ಇದು ‘ಸ್ಟ್ರಿಕ್ಚರ್’. ಸಂಕೋಚದಿಂದ ಹೇಳಿಕೊಳ್ಳದೆ ಮುಚ್ಚಿಡುವ ರೋಗವಾದ್ದರಿಂದಲೇ ಇದನ್ನು ಕುರಿತು ಈ ಪುಟದಲ್ಲಿ ಬಿಚ್ಚಿ ಹೇಳುವುದು ಅಗತ್ಯವೆನಿಸಿದೆ.

ನಮ್ಮ ಸೀಮೆಯಲ್ಲಿ ಈ ಗಾಯ

ಕಡೂರಿನ ತೆಂಗಿನ ತೋಟಗಳಲ್ಲಿ, ತರೀಕೆರೆ ಹಾಗೂ ಅಜ್ಜಂಪುರಗಳ ಅಡಿಕೆ ತೋಟಗಳಲ್ಲಿ ಮರವೇರುವ ಕಾಯಕದವರು ಅನೇಕರಿದ್ದಾರೆ. ಮರದಿಂದ ಜಾರುವಾಗ, ಬೇಲಿಯ ತಡಮೆ ದಾಟುವಾಗ, ಸೈಕಲ್ಲಿನ ಅಡ್ಡಗಂಬಿಯ ಮೇಲೆ, ಕೊಳವೆಬಾವಿಯ ಪೈಪಿನ ಮೇಲೆ ಕಾಲಗಲಿಸಿ ಬಿದ್ದರೆ ವೃಷಣ ಹಾಗೂ ಗುದದ್ವಾರಗಳ ನಡುವಣ ಜಾಗಕ್ಕೆ ಪೆಟ್ಟು ತಗಲುತ್ತದೆ. ಆ ಭಾಗದಲ್ಲಿ ಮೂತ್ರನಾಳವು ಚರ್ಮಕ್ಕೂ ಸೊಂಟದ ಮುಂದಣ ಎಲುಬಿಗೂ ಮಧ್ಯೆ ಹಾದುಹೋಗುವುದರಿಂದ ಎರಡರ ನಡುವೆ ಸಿಲುಕಿ ಜಜ್ಜಿಹೋಗುತ್ತದೆ. ಟ್ರ್ಯಾಕ್ಟರ್ ಮಗುಚಿದಾಗ ಅಥವಾ ಹೆದ್ದಾರಿಯ ಅಪಘಾತದಲ್ಲಿ ಸೊಂಟದ ಮೂಳೆ ಮುರಿದರೆ ನಾಳವು ತುಂಡಾಗಲೂಬಹುದು. ಮೂತ್ರ ಕಟ್ಟಿದಾಗ ಹಾಕುವ ಕ್ಯಾಥೆಟರ್ ನಳಿಕೆ ಒಳಗೋಡೆಯನ್ನು ಕೊರೆದರೆ, ಪ್ರಾಸ್ಟೇಟ್ ಗ್ರಂಥಿಯ ಶಸ್ತ್ರಚಿಕಿತ್ಸೆಯಲ್ಲಿ ಉಪಕರಣ ತಾಗಿದರೆ, ಮೇಹರೋಗದಂತಹ ಸೋಂಕು ಉಳಿದುಕೊಂಡರೆ ಕೂಡ ಇದೇ ಫಲ. ಗಂಡಸರ ಮೂತ್ರನಾಳ ಸುಮಾರು 18ರಿಂದ 20 ಸೆಂಟಿಮೀಟರ್ ಉದ್ದ. ಹೆಂಗಸರದು ಸುಮಾರು 4 ಸೆಂಟಿಮೀಟರ್ ಮಾತ್ರ. ಆದ್ದರಿಂದ ಇದು ಬಹುಮಟ್ಟಿಗೆ ಗಂಡಸರ ರೋಗ.

ಜೀವಕೋಶಗಳ ಕಾಯಕ

ಪೆಟ್ಟು ಬಿದ್ದವರೆಲ್ಲರಿಗೂ ನಾಳ ಕಿರಿದಾಗುವುದಿಲ್ಲ. ಒಬ್ಬನಲ್ಲಿ ಗಾಯ ನಯವಾಗಿ ಮಾಯುತ್ತದೆ, ಇನ್ನೊಬ್ಬನಲ್ಲಿ ಗಡುಸಾದ ಕಲೆ ಕಟ್ಟುತ್ತದೆ. ಈ ವ್ಯತ್ಯಾಸವನ್ನು ಬಹುಪಾಲು ನಿರ್ಧರಿಸುವವು ಗಾಯದ ಸ್ಥಳಕ್ಕೆ ಬಂದು ಸೇರುವ ಜೀವಕೋಶಗಳು. ತೋಟದ ಬಸಿಗಾಲುವೆಯ ದಂಡೆ ಕುಸಿದಾಗ ಆಳುಗಳು ಬಂದು ಮಣ್ಣು ಮೆತ್ತಿ ಸರಿಪಡಿಸುವುದನ್ನು ನಾವು ಕಂಡಿದ್ದೇವೆ. ದೇಹವೂ ಗಾಯವಾದಾಗ ಹೀಗೆಯೇ ತನ್ನ ಆಳುಗಳನ್ನು ಕರೆಯುತ್ತದೆ.

ಮೊದಲು ಬರುವವು ರಕ್ತದಲ್ಲಿರುವ ಪ್ಲೇಟ್‌ಲೆಟ್ಟುಗಳು. ಇವು ರಕ್ತವನ್ನು ಹೆಪ್ಪುಗಟ್ಟಿಸಿ, ಉಳಿದವರನ್ನು ಕೂಗಿ ಕರೆಯುವ ರಾಸಾಯನಿಕಗಳನ್ನು ಬಿಡುತ್ತವೆ. ಬಳಿಕ ಬಿಳಿ ರಕ್ತಕಣಗಳು ಬಂದು ರೋಗಾಣುಗಳನ್ನು ಎದುರಿಸುತ್ತವೆ. ಅವುಗಳ ಹಿಂದೆಯೇ ಬರುವ ಮ್ಯಾಕ್ರೊಫೇಜ್‌ಗಳೆಂಬ ಭಕ್ಷಕ ಕೋಶಗಳದು ಎರಡು ಪಾತ್ರ: ಮೊದಲು ಸತ್ತ ಕೋಶಗಳನ್ನು ನುಂಗಿ ಸ್ಥಳವನ್ನು ಶುದ್ಧಿ ಮಾಡುವುದು, ಆಮೇಲೆ ಕಟ್ಟಡದ ಕೆಲಸ ಆರಂಭವಾಗಲೆಂದು ಸೂಚನೆ ಕೊಡುವುದು. ಈ ಸೂಚನೆಗಳಲ್ಲಿ ಮುಖ್ಯವಾದುದು ಟಿಜಿಎಫ್-ಬೀಟಾ ಎಂಬ ಪ್ರೋಟೀನು. ಅದರ ಕರೆಗೆ ಓಗೊಡುವವು ನಾರನ್ನು ನೇಯುವ ಫೈಬ್ರೋಬ್ಲಾಸ್ಟ್ ಕೋಶಗಳು. ಇವು ಕೊಲಾಜನ್ ಎಂಬ ಗಟ್ಟಿ ನಾರನ್ನು ಹೆಣೆದು ಗಾಯದ ಹಳ್ಳವನ್ನು ತುಂಬುತ್ತವೆ. ಇವುಗಳಲ್ಲಿ ಕೆಲವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸ್ನಾಯುವಿನಂತೆ ಕುಗ್ಗಬಲ್ಲ ಎಳೆಗಳನ್ನು ತಮ್ಮೊಳಗೆ ಬೆಳೆಸಿಕೊಂಡು ಗಾಯದ ಅಂಚುಗಳನ್ನು ಹತ್ತಿರಕ್ಕೆ ಎಳೆಯುತ್ತವೆ. ಜಿನೀವಾದ ವಿಜ್ಞಾನಿ ಜೂಲಿಯೊ ಗಬ್ಬಿಯಾನಿ ಮತ್ತು ಸಂಗಡಿಗರು 1971ರಲ್ಲಿ ವರ್ಣಿಸಿದ ಈ ಕೋಶಗಳ ಹೆಸರು ಮಯೋಫೈಬ್ರೋಬ್ಲಾಸ್ಟ್.

ಕೈಯ ಮೇಲಿನ ಗಾಯಕ್ಕೆ ಈ ಎಳೆತದಿಂದ ಉಪಕಾರವೇ ಹೆಚ್ಚು. ಆದರೆ ನಾಳದ ಸುತ್ತ ಅದೇ ಎಳೆತ ನಡೆದರೆ ಚೀಲದ ಬಾಯಿಗೆ ದಾರ ಬಿಗಿದಂತಾಗುತ್ತದೆ. ಕಾಯಕ ಮುಗಿದ ಮೇಲೆ ಈ ಕೋಶಗಳು ತಾವಾಗಿಯೇ ಅಳಿದುಹೋಗಬೇಕೆಂಬುದು ನಿಸರ್ಗದ ಏರ್ಪಾಡು. ಕೆಲಸ ಮುಗಿದರೂ ಆಳುಗಳು ಮನೆಗೆ ಹೋಗದೆ ಮಣ್ಣು ಮೆತ್ತುತ್ತಲೇ ಇದ್ದರೆ ಕಾಲುವೆಯೇ ಮುಚ್ಚಿಹೋಗುವುದಲ್ಲವೆ? ಮೂತ್ರನಾಳ ಸಂಕೋಚದಲ್ಲಿ ನಡೆಯುವುದು ಇದೇ.

ಅವು ಏಕೆ ಹೋಗುವುದಿಲ್ಲ? ಕಾರಣ ಬಹುಮಟ್ಟಿಗೆ ಮೂತ್ರವೇ. ನಾಳದ ಒಳಮೈಯನ್ನು ಹೊದ್ದಿರುವ ಕೋಶಗಳು ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡು ಮೂತ್ರ ಒಸರದಂತೆ ಕಾಯುತ್ತವೆ. ಗಾಯವಾದೊಡನೆ ಅಂಚಿನಲ್ಲಿರುವ ಹೊದಿಕೆಯ ಕೋಶಗಳು ಜರುಗಿ ಬಂದು ಆ ಜಾಗವನ್ನು ಬೇಗನೆ ಮುಚ್ಚಿದರೆ ಒಳಗಿನ ಕೆರಳಿಕೆ ಶಮನವಾಗಿ ಕಲೆ ಅಲ್ಪದಲ್ಲಿ ನಿಲ್ಲುತ್ತದೆ. ಗಾಯ ದೊಡ್ಡದಾಗಿ ಮುಚ್ಚುವುದು ತಡವಾದರೆ, ಪ್ರತಿ ಸಲವೂ ಮೂತ್ರವು ಬಿರುಕಿನಿಂದ ಸುತ್ತಣ ಮೆತ್ತನೆಯ ಅಂಗಾಂಶಕ್ಕೆ ಒಸರುತ್ತದೆ. ಕೆರಳಿಕೆ ಆರುವುದಿಲ್ಲ, ಟಿಜಿಎಫ್-ಬೀಟಾದ ಕರೆ ನಿಲ್ಲುವುದಿಲ್ಲ, ನಾರು ಬೆಳೆಯುತ್ತಲೇ ಹೋಗುತ್ತದೆ. ರಕ್ತನಾಳಗಳಿಂದ ತುಂಬಿ ಸ್ಪಂಜಿನಂತಿದ್ದ ಜಾಗವು ಒಣ ತೊಗಲಿನಂತೆ ಬಿರುಸಾಗುತ್ತದೆ. ಗಾಯವನ್ನು ಬೇಗ ಮುಚ್ಚುವ ಕೋಶಗಳಿಗೂ ನಾರು ತುಂಬುವ ಕೋಶಗಳಿಗೂ ನಡುವೆ ನಡೆಯುವ ಈ ಪೈಪೋಟಿಯೇ ರೋಗಿಯ ಭವಿಷ್ಯವನ್ನು ನಿರ್ಣಯಿಸುತ್ತದೆ.

ಹಿಗ್ಗಿಸುವುದು, ಸೀಳುವುದು

ಕಿರಿದಾದ ನಾಳವನ್ನು ಹಿಗ್ಗಿಸುವ ಯತ್ನ ಪ್ರಾಚೀನವಾದುದು. ಮೂತ್ರದ ದ್ವಾರ ಬಿಗಿದ ರೋಗಕ್ಕೆ ಲೋಹದ, ಮರದ ಅಥವಾ ಅರಗಿನ ನಳಿಕೆಗೆ ತುಪ್ಪ ಸವರಿ ಒಳಸೇರಿಸಿ, ಮೂರು ದಿನಕ್ಕೊಮ್ಮೆ ಇನ್ನಷ್ಟು ದಪ್ಪದ ನಳಿಕೆಯನ್ನು ಬಳಸಬೇಕೆಂದು ಸುಶ್ರುತಸಂಹಿತೆಯಲ್ಲಿ ವಿಧಿಸಲಾಗಿದೆ. ಇಂದಿಗೂ ಲೋಹದ ಸಲಾಕೆಗಳಿಂದ ಹಿಗ್ಗಿಸುವ ಕ್ರಮವಿದೆ. 1970ರ ದಶಕದಿಂದ ದೂರ್ಬೀನಿನಂತಹ ಉಪಕರಣವನ್ನು ಒಳಗಿಳಿಸಿ, ಕಣ್ಣಾರೆ ಕಾಣುತ್ತ ಕಲೆಯನ್ನು ಸೀಳುವ ವಿಧಾನವೂ ಬಂದಿತು. ಚಿಕ್ಕದಾದ, ಮೊದಲ ಸಲ ಕಾಣಿಸಿಕೊಂಡ ಸಂಕೋಚಕ್ಕೆ ಇದರಿಂದ ಗುಣ ಸಿಗಬಹುದು.

ಆದರೆ ಸೀಳುವುದೆಂದರೆ ಮತ್ತೊಂದು ಗಾಯವನ್ನೇ ಮಾಡಿದಂತೆ. ಅಲ್ಲಿಗೂ ಅದೇ ಕೋಶಗಳು ಬಂದು ಅದೇ ಕಾಯಕವನ್ನು ಮತ್ತೆ ಹೂಡುತ್ತವೆ. 1996ರಲ್ಲಿ ಇಟಲಿಯ ಪ್ಯಾನ್ಸಡೋರೊ ಮತ್ತು ಎಮಿಲಿಯೋಝಿ ಎಂಬ ವೈದ್ಯರು 224 ರೋಗಿಗಳ ದೀರ್ಘಕಾಲದ ಫಲಿತಾಂಶವನ್ನು ಪ್ರಕಟಿಸಿದರು. ಸೀಳಿಸಿಕೊಂಡವರಲ್ಲಿ ನೂರಕ್ಕೆ 68 ಮಂದಿಗೆ ರೋಗ ಮರುಕಳಿಸಿತ್ತು. ಒಂದೆರಡು ಸಲ ವಿಫಲವಾದ ಮೇಲೆ ಮತ್ತೆ ಮತ್ತೆ ಸೀಳುವುದರಿಂದ ಶಾಶ್ವತ ಪರಿಹಾರ ದೊರೆಯದೆಂಬುದು ಇಂದು ತಜ್ಞರು ಒಪ್ಪಿರುವ ಮಾತು. “ಆರು ತಿಂಗಳಿಗೊಮ್ಮೆ ಹೋಗಿ ಹಿಗ್ಗಿಸಿಕೊಂಡು ಬಂದರಾಯಿತು” ಎಂದು ವರ್ಷಗಳನ್ನು ನೂಕುವವರು ಇದನ್ನು ಗಮನಿಸಬೇಕು. ಪ್ರತಿ ಸಲವೂ ಕಲೆಯ ಉದ್ದ ಬೆಳೆಯುವ ಸಂಭವವಿದೆ.

ಕೆನ್ನೆಯ ಒಳಪೊರೆಯ ಉಪಕಾರ

ಹಾಗಾದರೆ ಉಪಾಯವೇನು? ಸಂಕೋಚ ಚಿಕ್ಕದಾಗಿದ್ದರೆ ಕಲೆಯನ್ನು ಪೂರ್ತಿಯಾಗಿ ಕತ್ತರಿಸಿ ತೆಗೆದು ಆರೋಗ್ಯವಂತ ತುದಿಗಳನ್ನು ಜೋಡಿಸುತ್ತಾರೆ. ಉದ್ದವಾಗಿದ್ದರೆ ಬೇರೆಡೆಯಿಂದ ಹೊದಿಕೆಯನ್ನು ತಂದು ಹೊಲಿಯಬೇಕು. ಆ ಹೊದಿಕೆ ಸಿಗುವುದು ನಮ್ಮ ಬಾಯಲ್ಲಿ! ಕೆನ್ನೆಯ ಒಳಪೊರೆ ಸದಾ ತೇವದಲ್ಲಿದ್ದು ಅಭ್ಯಾಸವಾದುದು, ಹೊರಮೈ ದಪ್ಪ, ರಕ್ತಸಂಚಾರ ಸಮೃದ್ಧ. ಎಲ್ಲಕ್ಕಿಂತ ಮಿಗಿಲಾಗಿ, ಬಾಯೊಳಗಿನ ಗಾಯವು ಚರ್ಮದ ಗಾಯಕ್ಕಿಂತ ಬೇಗನೆ, ಕಡಿಮೆ ಕಲೆಯೊಂದಿಗೆ ಮಾಯುತ್ತದೆ. ನಾಲಗೆ ಕಚ್ಚಿಕೊಂಡ ಗಾಯ ಕೆಲವೇ ದಿನಗಳಲ್ಲಿ ಗುರುತಿಲ್ಲದಂತಾಗುವುದನ್ನು ಎಲ್ಲರೂ ಬಲ್ಲರು. 1941ರಲ್ಲಿ ಇಂಗ್ಲೆಂಡಿನ ಗ್ರಹಾಂ ಹಂಬಿ ಬಾಯೊಳಗಿನ ಪೊರೆಯನ್ನು ಮೂತ್ರನಾಳದ ಶಸ್ತ್ರಚಿಕಿತ್ಸೆಗೆ ಬಳಸಿದ್ದರು. 1990ರ ದಶಕದಿಂದ ಇದು ಜಗತ್ತಿನಲ್ಲೆಲ್ಲ ಹರಡಿತು. ಈ ವಿದ್ಯೆಯಲ್ಲಿ ಪುಣೆಯ ಡಾ. ಸಂಜಯ ಕುಲಕರ್ಣಿಯವರ ವಿಧಾನಕ್ಕೆ ಅಂತರರಾಷ್ಟ್ರೀಯ ಮನ್ನಣೆಯಿದೆ.

ಇಲ್ಲಿಯೇ ನಮ್ಮ ಸೀಮೆಯವರು ಕಿವಿಗೊಡಬೇಕಾದ ಮಾತೊಂದಿದೆ. ಅಡಿಕೆಯನ್ನು, ಅದರಲ್ಲಿಯೂ ಗುಟ್ಕಾವನ್ನು, ನಿತ್ಯವೂ ಅಗಿಯುವವರ ಕೆನ್ನೆಯ ಒಳಪೊರೆ ಬಿಳಿಚಿಕೊಂಡು ಬಿರುಸಾಗಿ, ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ವಸ್ತುವು ಕೆನ್ನೆಯ ಫೈಬ್ರೋಬ್ಲಾಸ್ಟ್‌ಗಳನ್ನು ಕೆರಳಿಸಿ ನಾರನ್ನು ಅತಿಯಾಗಿ ನೇಯಿಸುವುದೇ ಇದಕ್ಕೆ ಮುಖ್ಯ ಕಾರಣ. ಮೂತ್ರನಾಳವನ್ನು ಕಟ್ಟಿಹಾಕಿದ ಕೋಶಗಳೇ ಬಾಯನ್ನೂ ಕಟ್ಟಿಹಾಕುತ್ತವೆ. ಅಲ್ಲಿಯೂ ಟಿಜಿಎಫ್-ಬೀಟಾದ್ದೇ ಕರೆ. ಅಂತಹ ಕೆನ್ನೆಯ ಪೊರೆ ಶಸ್ತ್ರವೈದ್ಯನ ಕೈಗೆ ಬಂದರೆ ಕೆಲಸಕ್ಕೆ ಬಾರದು. ಕೆಳಗಿನ ನಾಳ ಕೆಟ್ಟಾಗ ರಿಪೇರಿಗೆಂದು ಮೇಲೆ ಇಟ್ಟಿದ್ದ ಸಾಮಗ್ರಿಯನ್ನು ನಾವೇ ಮೊದಲೇ ಹಾಳುಮಾಡಿಕೊಂಡಂತೆ! ಇದಲ್ಲದೆ ಅಡಿಕೆಯು ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2004ರಲ್ಲಿ ಪ್ರಕಟಿಸಿದೆ. ಅಡಿಕೆ ನಮ್ಮ ಸಾವಿರಾರು ಮನೆಗಳ ಅನ್ನ ಎಂಬುದನ್ನು ಮರೆತು ಈ ಮಾತನ್ನು ಹೇಳುತ್ತಿಲ್ಲ. ಬೆಳೆಯುವವನ ಬದುಕಿನ ಪ್ರಶ್ನೆ ಬೇರೆ, ಅಗಿಯುವವನ ಬಾಯಿಯ ಪ್ರಶ್ನೆ ಬೇರೆ. ಮನೆಯ ಮಕ್ಕಳು ಬಾಯಿಗೆ ಹಾಕಿಕೊಳ್ಳುತ್ತಿರುವುದೇನೆಂಬುದನ್ನು ಹಿರಿಯರು ಕೇಳಲೇಬೇಕು.

ಕೋಶಗಳಿಗೇ ಪಾಠ ಹೇಳುವ ಯತ್ನ

ಕಲೆ ಕಟ್ಟುವುದು ಕೋಶಗಳ ಕೆಲಸವೆಂದ ಮೇಲೆ ಅವುಗಳನ್ನೇ ತಿದ್ದಬಾರದೇಕೆಂಬ ಯೋಚನೆ ವಿಜ್ಞಾನಿಗಳಿಗೆ ಬಂದುದು ಸಹಜ. 2002ರಲ್ಲಿ ಅಮೆರಿಕದ ಡಿ ಫಿಲಿಪ್ಪೊ, ಯೂ ಮತ್ತು ಆಂಥನಿ ಅಟಾಲ ಎಂಬವರು ಮೊಲಗಳ ಮೂತ್ರನಾಳದ ಭಾಗವನ್ನು ತೆಗೆದು ಕೊಲಾಜನ್ನಿನ ಕೊಳವೆಗಳನ್ನು ಕೂಡಿಸಿ ಪರೀಕ್ಷಿಸಿದರು. ಬರಿಯ ಕೊಳವೆಯನ್ನು ಕೂಡಿಸಿದಲ್ಲಿ ನಾಳ ಕಿರಿದಾಯಿತು. ಅದೇ ಪ್ರಾಣಿಯ ಕೋಶಗಳನ್ನು ಮೊದಲೇ ಬಿತ್ತಿದ ಕೊಳವೆ ಅಗಲವಾಗಿಯೇ ಉಳಿಯಿತು. 2011ರಲ್ಲಿ ಅಟಾಲ ಅವರ ತಂಡವು ಮೆಕ್ಸಿಕೋದ 5 ಬಾಲಕರ ವಿವರವನ್ನು ಪ್ರಕಟಿಸಿತು. ಪ್ರತಿ ಬಾಲಕನ ಮೂತ್ರಾಶಯದಿಂದಲೇ ತೆಗೆದ ಚೂರಿನಿಂದ ಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ, ಒಳಗೆ ಹೊದಿಕೆಯ ಕೋಶಗಳನ್ನೂ ಹೊರಗೆ ಸ್ನಾಯುಕೋಶಗಳನ್ನೂ ಬಿತ್ತಿ ತಯಾರಿಸಿದ ನಾಳಗಳು ವರ್ಷಗಳ ಬಳಿಕವೂ ಕೆಲಸ ಮಾಡುತ್ತಿದ್ದವು. ಇನ್ನೊಂದು ದಾರಿಯಲ್ಲಿ, ಕೋಶಗಳ ಅತಿ ಬೆಳವಣಿಗೆಯನ್ನು ತಡೆಯುವ ಪ್ಯಾಕ್ಲಿಟಾಕ್ಸೆಲ್ ಔಷಧಿಯನ್ನು ಸವರಿದ ಬಲೂನಿನಿಂದ ನಾಳವನ್ನು ಹಿಗ್ಗಿಸುವ ವಿಧಾನಕ್ಕೆ ಅಮೆರಿಕ ಸರ್ಕಾರ 2021ರಲ್ಲಿ ಅನುಮತಿ ನೀಡಿತು. ಆದರೆ ಪ್ರಯೋಗಾಲಯದ ನಾಳ ಇನ್ನೂ ದಿನನಿತ್ಯದ ಚಿಕಿತ್ಸೆಯಾಗಿಲ್ಲ. ಕಾಂಡಕೋಶದ ಚುಚ್ಚುಮದ್ದಿನಿಂದ ಎಲ್ಲವೂ ವಾಸಿಯಾಗುವುದೆಂದು ಹಣ ಕೀಳುವವರ ಮಾತಿಗೆ ಯಾರೂ ಮರುಳಾಗಬಾರದು.

ಮನೆಯವರು ತಿಳಿದಿರಬೇಕಾದುದು

ನಾಳದ ರಂಧ್ರ ಸುಮಾರು 3 ಮಿಲಿಮೀಟರಿಗೆ ಇಳಿಯುವವರೆಗೆ ಮೂತ್ರದ ಧಾರೆಯಲ್ಲಿ ಹೆಚ್ಚಿನ ವ್ಯತ್ಯಾಸ ತೋರದು. ಆದ್ದರಿಂದ ಧಾರೆ ಸಣ್ಣದಾಗಿದೆ, ಎರಡಾಗಿ ಸೀಳುತ್ತಿದೆ, ತಿಣುಕಬೇಕಾಗಿದೆ, ಹೋಗಿ ಬಂದ ಮೇಲೂ ತೊಟ್ಟಿಕ್ಕುತ್ತಿದೆ ಎಂದು ಕಂಡಾಗ ರೋಗ ಆಗಲೇ ಬಲಿತಿರುತ್ತದೆ. ವಯಸ್ಸಾದವರಲ್ಲಿ ಪ್ರಾಸ್ಟೇಟ್ ಗ್ರಂಥಿ ಊದಿದರೂ ಹೀಗೆಯೇ ಆಗುವುದುಂಟು. ಆದರೆ ಹರೆಯದ ಗಂಡಸಿನಲ್ಲಿ ಧಾರೆ ಸಣ್ಣದಾದರೆ ಮೊದಲು ಮೂತ್ರನಾಳ ಸಂಕೋಚವನ್ನೇ ಶಂಕಿಸಬೇಕು. ಉದಾಸೀನ ಮಾಡಿದರೆ ಮೂತ್ರಾಶಯ ದಣಿದು, ಸೋಂಕು ಮರುಕಳಿಸಿ, ಕಲ್ಲು ಕಟ್ಟಿ, ಕಡೆಗೆ ಮೂತ್ರಪಿಂಡಗಳೇ ಕೆಡುತ್ತವೆ. ಧಾರೆಯ ವೇಗ ಅಳೆಯುವ ಪರೀಕ್ಷೆಗೆ ನೋವೂ ಇಲ್ಲ, ಹೆಚ್ಚು ಹೊತ್ತೂ ಬೇಡ. ನಾಳಕ್ಕೆ ದ್ರವ ತುಂಬಿ ತೆಗೆಯುವ ಎಕ್ಸ್‌ರೇಯಿಂದ ಕಲೆಯ ಜಾಗವೂ ಉದ್ದವೂ ತಿಳಿಯುತ್ತವೆ.

ಕಾಲಗಲಿಸಿ ಬಿದ್ದವನ ಮೂತ್ರದ್ವಾರದಲ್ಲಿ ರಕ್ತ ಕಂಡರೆ, ಮೂತ್ರ ಕಟ್ಟಿದರೆ, ಅನುಭವವಿಲ್ಲದವರಿಂದ ಬಲವಂತವಾಗಿ ನಳಿಕೆ ಹಾಕಿಸಬೇಡಿ. ಅರೆಬರೆ ಹರಿದ ನಾಳ ಅದರಿಂದ ಪೂರ್ತಿ ಹರಿಯಬಹುದು. ತಡಮಾಡದೆ ದೊಡ್ಡ ಆಸ್ಪತ್ರೆಗೆ ಸಾಗಿಸಿ. ಅಗತ್ಯವಿದ್ದರೆ ಕಿಬ್ಬೊಟ್ಟೆಯ ಮೂಲಕ ಮೂತ್ರಾಶಯಕ್ಕೆ ನಳಿಕೆಯಿಟ್ಟು ಗಾಯಕ್ಕೆ ವಿಶ್ರಾಂತಿ ಕೊಡುತ್ತಾರೆ. ಮನೆಯಲ್ಲಿ ಕ್ಯಾಥೆಟರ್ ಹಾಕಿದ ರೋಗಿಯಿದ್ದರೆ ನಳಿಕೆ ಎಳೆಯದಂತೆ ತೊಡೆಗೆ ಅಂಟಿಸಿಡಿ, ಚೀಲವನ್ನು ಸೊಂಟಕ್ಕಿಂತ ಕೆಳಗೇ ತೂಗಿಡಿ. ತರೀಕೆರೆಯವರಿಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಹತ್ತಿರ. ಕಡೂರು, ಅಜ್ಜಂಪುರಗಳಿಂದ ರೈಲಿನಲ್ಲಿ ನೇರವಾಗಿ ಬೆಂಗಳೂರು ತಲುಪಬಹುದು, ಅಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಸರ್ಕಾರದ ನೆಫ್ರೋ-ಯೂರಾಲಜಿ ಸಂಸ್ಥೆಯಿದೆ.

ಗಾಯ ಮಾಯಿಸುವ ಶಕ್ತಿಯನ್ನು ನಿಸರ್ಗವು ನಮ್ಮ ಕಣಕಣದಲ್ಲಿಯೂ ಇಟ್ಟಿದೆ. ಆ ಶಕ್ತಿ ದಾರಿ ತಪ್ಪದಂತೆ ಸಕಾಲದಲ್ಲಿ ನೆರವಾಗುವುದು ವೈದ್ಯನ ಹೊಣೆ. ನಾಚಿಕೆ ಬಿಟ್ಟು ಸಕಾಲದಲ್ಲಿ ಹೇಳಿಕೊಳ್ಳುವುದು ರೋಗಿಯ ಹೊಣೆ. ಹೇಳಿಕೊಂಡಾಗ ನಗದೆ, ಬೈಯದೆ ಕೇಳಿ ಜೊತೆಗೆ ನಡೆಯುವುದು ಮನೆಯವರ ಹೊಣೆ.